ಸಿಂಕಿನಡಿಯ ತನಿಖೆ

"ಅಪರಾಧಿ ಸಿಗೋತನಕ ಈ ಮನೇಲಿ ಯಾರಿಗೂ ಉಪ್ಪಿಟ್ಟಿಲ್ಲ!"

ಭಾನುವಾರ ಬೆಳಗ್ಗೆ ಎಂಟೂಕಾಲಿಗೆ, ಕಾಶಿಯ ಭೇಲೂಪುರದ ತಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ನಿಂತು ಪ್ರೊಫೆಸರ್ ಚಂದ್ರಮೌಳೇಶ್ವರರು ಹೀಗೆಂದು ಗುಡುಗಿದರು. ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದವಳು ಅವರ ಹೆಂಡತಿ ರೇಖಾ. ಆಕೆ ಒಲೆ ಆರಿಸಿ, ಸೌಟು ಕೆಳಗಿಟ್ಟು, ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ಈ ಮನೆಯಲ್ಲಿ ಹಸಿವು ತಡೆಯಲಾರದವರು ಒಬ್ಬರೇ ಒಬ್ಬರು, ಗುಡುಗಿದವರೂ ಅವರೇ ಎಂಬುದು ಆಕೆಗೆ ಗೊತ್ತಿತ್ತು.

ಆದದ್ದು ಇಷ್ಟು. ಸಿಂಕಿನ ಕೆಳಗೆ ಕಸ ಅರೆಯುವ ಯಂತ್ರವೊಂದು ಕೂತಿತ್ತು. ಗುಂಡಿ ಒತ್ತಿದರೆ ತರಕಾರಿ ಸಿಪ್ಪೆ, ತಟ್ಟೆಯಲ್ಲಿ ಉಳಿದ ಅನ್ನ, ಕರಿಬೇವಿನ ಕಡ್ಡಿ ಎಲ್ಲವನ್ನೂ ನುಣ್ಣಗೆ ಅರೆದು ನೀರಿನೊಂದಿಗೆ ಚರಂಡಿಗೆ ಕಳಿಸಬೇಕಾದ ಯಂತ್ರ ಅದು. ಅಂದು ಗುಂಡಿ ಒತ್ತಿದರೆ "ಗುಂಯ್" ಎಂದಿತೇ ಹೊರತು ತಿರುಗಲಿಲ್ಲ. ಮತ್ತೊಮ್ಮೆ ಒತ್ತಿದರು. "ಗುಂಯ್!" ಮೂರನೆಯ ಸಲ ಒತ್ತಿದಾಗ ಅದೂ ಇಲ್ಲ.

ಬೇರೆ ಯಾರಾದರೂ ಆಗಿದ್ದರೆ ಯಂತ್ರ ಕೆಟ್ಟಿತು ಎನ್ನುತ್ತಿದ್ದರು. ಚಂದ್ರಮೌಳೇಶ್ವರರು, "ಯಾರೋ ಕೆಡಿಸಿದ್ದಾರೆ" ಎಂದರು. ವಿಶ್ವವಿದ್ಯಾಲಯದಲ್ಲಿ ಮಣ್ಣಿನ ರಸಾಯನಶಾಸ್ತ್ರ ಕಲಿಸುವುದು ಅವರ ಕೆಲಸ. ಪರೀಕ್ಷೆಯಲ್ಲಿ ನಕಲು ಹೊಡೆಯುವವರನ್ನು ಹಿಡಿಯುವುದು ಅವರ ಜೀವ. ಸಾಕ್ಸಿನೊಳಗಿಂದ, ಪೆನ್ನಿನ ಕ್ಯಾಪಿನೊಳಗಿಂದ, ಒಮ್ಮೆ ಒಬ್ಬನ ಮುರಿದ ಕಾಲಿನ ಪ್ಲಾಸ್ಟರಿನೊಳಗಿಂದ ಚೀಟಿ ಎಳೆದು ತೆಗೆದ ಕೈ ಅದು. ಹಾಲು ಹಾಕಿಸಿಕೊಂಡರೆ ಒಂದು ಹನಿ ಕಲ್ಲಿನ ಮೇಲೆ ಬಿಟ್ಟು ನೀರು ಬೆರೆತಿದೆಯೇ ಎಂದು ಅದು ಹರಿಯುವ ಚಂದ ನೋಡುತ್ತಾರೆ. ಯಾರಾದರೂ ಗಂಟೆ ಹೇಳಿದರೆ ಇನ್ನೊಬ್ಬರನ್ನೂ ಕೇಳುತ್ತಾರೆ.

ಯಂತ್ರ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಬಂದ ದಿನ ಅತ್ತೆ ನೀಲಗಂಗಮ್ಮನವರು ಅದರ ಗುಂಡಿಗೆ ಮೂರು ಬೆರಳಿನಿಂದ ವಿಭೂತಿ ಎಳೆದಿದ್ದರು. ಒಂದು ತಿಂಗಳು ಕಾಶಿಯಲ್ಲಿದ್ದು ಹೋಗುತ್ತೇನೆಂದು ಗದಗಿನಿಂದ ಬಂದ ಆಕೆ, ದಿನಾ ಜಂಗಮವಾಡಿ ಮಠಕ್ಕೆ ರಿಕ್ಷಾದಲ್ಲಿ ಹೋಗಿಬರುತ್ತಾ ಮೂರನೆಯ ವರ್ಷಕ್ಕೆ ಕಾಲಿಟ್ಟಿದ್ದರು. ಪ್ರಸಾದ ಚೆಲ್ಲಬಾರದೆಂಬುದು ಆಕೆಯ ಕಟ್ಟುನಿಟ್ಟು. ಉಂಡ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಬಳಿದು ಕುಡಿದುಬಿಡುತ್ತಿದ್ದರು. ಆಕೆ ಉಂಡ ತಟ್ಟೆಯನ್ನು ತೊಳೆದ ತಟ್ಟೆಗಳ ನಡುವೆ ಇಟ್ಟರೆ ಗುರುತು ಹಿಡಿಯುವುದು ಕಷ್ಟ.

"ತಾಟಿನ್ಯಾಗ ಉಳಸೋದ ಪಾಪ. ಉಳಿಸಿದ್ದು ತಿನ್ನಾಕ ಒಂದು ಮಷೀನು ಬ್ಯಾರೆ!" ಎಂದು ಅಂದೇ ಅಂದಿದ್ದರು. ಅಳಿಯ ಕಿವಿಗೆ ಹಾಕಿಕೊಳ್ಳಲಿಲ್ಲ. ದಿನಾ ಸಂಜೆ ಬಂದವರೇ ಬೂಟು ಬಿಚ್ಚುತ್ತಾ, "ಯಂತ್ರ ನಡೀತಾ?" ಎಂದು ಕೇಳುವರು. ಒಳಗಿನಿಂದ ಯಾರಾದರೊಬ್ಬರು "ಹ್ಞೂಂ" ಎನ್ನುವರು. ಇವರು ತೃಪ್ತಿಯಿಂದ ಕಾಫಿಗೆ ಕಾಯುವರು.

ಅಂದು ಹನ್ನೊಂದು ಗಂಟೆಗೆ ಕಟ್ಟಡದ ಉಳಿದ ಏಳು ಫ್ಲ್ಯಾಟಿನವರು ಈ ಯಂತ್ರ ನೋಡಲು ಬರುವವರಿದ್ದರು. ಗೇಟಿನಲ್ಲಿ ದಿನಾ ಹತ್ತಕ್ಕೆ ಒಂದು ಕಂದು ಹಸು ಬಂದು ಅಡ್ಡ ನಿಲ್ಲುತ್ತಿತ್ತು. ಪ್ರೊಫೆಸರರ ಸ್ಕೂಟರು ಹೊರಗೆ ಹೋಗಬೇಕೆಂದರೆ ಅದರ ಅಪ್ಪಣೆ ಬೇಕಿತ್ತು. ಯಾವುದೋ ಮನೆಯವರು ಸಿಪ್ಪೆ ಹಾಕಿ ಅದಕ್ಕೆ ರೂಢಿ ಮಾಡಿಸಿದ್ದಾರೆಂದು ಅವರು ಮೂರು ನೋಟೀಸು ಅಂಟಿಸಿದ್ದರು. ಕಳೆದ ಸಭೆಯಲ್ಲಿ ಎದ್ದು ನಿಂತು, "ನಾಲ್ಕು ತಿಂಗಳಿಂದ ನನ್ನ ಮನೆಯ ಹೊಸ್ತಿಲು ದಾಟಿ ಒಂದು ಸಿಪ್ಪೆ ಹೊರಗೆ ಹೋಗಿಲ್ಲ! ಎಲ್ಲರೂ ಯಂತ್ರ ಹಾಕಿಸಿ, ಹಸು ತಾನಾಗಿ ಬಿಟ್ಟು ಹೋಗುತ್ತದೆ!" ಎಂದು ಸಾರಿದ್ದರು. ಆರು ವರ್ಷಗಳಲ್ಲಿ ಅವರ ಒಂದು ಸಲಹೆಯನ್ನೂ ಆ ಕಟ್ಟಡ ಒಪ್ಪಿರಲಿಲ್ಲ. ಕ್ಯಾಮೆರಾ ಬೇಡವೆಂದರು, ಬಂದುಹೋಗುವವರ ರಿಜಿಸ್ಟರು ಬೇಡವೆಂದರು. ಇದೇ ಮೊದಲ ಬಾರಿ ನೋಡಿ ತೀರ್ಮಾನಿಸೋಣ ಎಂದಿದ್ದರು. ಆದ್ದರಿಂದ ಮೇಲೆ ಎಷ್ಟು ಗುಡುಗಿದರೂ ಒಳಗೊಳಗೆ ಪ್ರೊಫೆಸರರಿಗೆ ನಿಜಕ್ಕೂ ಭಯವಾಗಿತ್ತು.

ವಿಚಾರಣೆ ರೇಖಾಳಿಂದಲೇ ಆರಂಭವಾಯಿತು. ಆಕೆ ಹೇಗೂ ಸ್ಟೂಲಿನ ಮೇಲೆ ಕೂತೇ ಇದ್ದಳು.

"ನಿನ್ನೆ ಯಂತ್ರದೊಳಗೆ ಏನು ಹಾಕಿದೆ? ಸತ್ಯವನ್ನೇ ಹೇಳತಕ್ಕದ್ದು!"

"ಏನೂ ಹಾಕಿಲ್ಲ."

"ಮೊನ್ನೆ?"

"ಮೊನ್ನೆನೂ ಏನೂ ಹಾಕಿಲ್ರೀ."

"ಚಮಚ? ಕುಕ್ಕರಿನ ಸೀಟಿ?"

"ಸೀಟಿ ಕುಕ್ಕರಿನ ಮ್ಯಾಲೇ ಐತಿ, ನೋಡ್ರಿ."

ಪ್ರೊಫೆಸರರು ಸೀಟಿಯನ್ನು ಎತ್ತಿ ನೋಡಿದರು. ಇದು ಹಳೆಯ ಸೀಟಿಯೋ, ರಾತ್ರೋರಾತ್ರಿ ತಂದಿಟ್ಟ ಹೊಸದೋ ಎಂಬ ಅನುಮಾನ ಬಂದರೂ ಸದ್ಯಕ್ಕೆ ಬಿಟ್ಟರು. ಎರಡನೆಯವರು ನೀಲಗಂಗಮ್ಮ. ಮಠದಿಂದ ಆಗತಾನೇ ಬಂದಿದ್ದರು.

"ಅತ್ತೆಯವರೇ, ತೆಂಗಿನ ಚಿಪ್ಪು?"

"ಶಿವ ಶಿವಾ! ನಾ ಅದಕ್ಕ ಏನೂ ಹಾಕಿಲ್ರೀ ಅಳಿಯದೇವ್ರ. ವಿಭೂತಿ ಹಚ್ಚಿದ್ದು ಬಿಟ್ರ ಅದನ್ನ ಮುಟ್ಟೇ ಇಲ್ಲ."

ಮೂರನೆಯವಳು ಮಗಳು ವರ್ಷಿಣಿ. ಒಂಬತ್ತನೆಯ ಕ್ಲಾಸು. ಊಟಕ್ಕೆ ಕೂತಾಗ ಮಾತ್ರ ಕನ್ನಡ, ಉಳಿದ ಹೊತ್ತೆಲ್ಲ ಹಿಂದಿ, ಸಿಕ್ಕಿಬಿದ್ದಾಗ ಎರಡೂ.

"ಕಸಮ್ ಸೇ ಅಪ್ಪಾ, ನಾನು ಕುಛ್ ಭೀ ಹಾಕಿಲ್ಲ!"

"ಹಾಗಲಕಾಯಿ ಪಲ್ಯ ತಟ್ಟೆಯಿಂದ ಮಾಯ ಆಗುತ್ತಲ್ಲ, ಅದು?"

"ಅದನ್ನ ನಾನು ಹಾಕೋದು..." ಎಂದವಳು ಗಕ್ಕನೆ ನಿಂತು ಕಿಟಕಿಯ ಕಡೆ ನೋಡಿದಳು. "ಕಹೀಂ ನಹೀಂ. ಎಲ್ಲೂ ಇಲ್ಲ."

ಕೊನೆಗೆ ಪಾತ್ರೆ ತೊಳೆಯಲು ಬರುವ ಶೀತಲ್. ಅವಳು ಕೇಳುವ ಮುಂಚೆಯೇ ಎರಡೂ ಕಿವಿ ಹಿಡಿದುಕೊಂಡು, "ಹಮ್ ಕುಛ್ ನಾಹೀಂ ಡಾಲೇ, ಸಾಹಬ್!" ಎಂದಳು. ಆಮೇಲೆ ನೀಲಗಂಗಮ್ಮನವರ ಮುಖ ನೋಡಿದಳು. ನೀಲಗಂಗಮ್ಮನವರು ರೇಖಾಳ ಮುಖ ನೋಡಿದರು. ರೇಖಾ ಗ್ಯಾಸ್ ಸಿಲಿಂಡರಿನ ಕಡೆ ನೋಡಿ ಸೆರಗು ಸರಿಮಾಡಿಕೊಂಡಳು.

ನಾಲ್ಕು ಜನ, ನಾಲ್ಕು ಬಾಯಿ, ಒಂದೇ ಉತ್ತರ! ಪರೀಕ್ಷಾ ಕೊಠಡಿಯಲ್ಲಿ ನಾಲ್ವರ ಉತ್ತರ ಅಕ್ಷರಶಃ ಒಂದೇ ಆಗಿದ್ದರೆ ಅದರ ಅರ್ಥವೇನೆಂದು ಚಂದ್ರಮೌಳೇಶ್ವರರಿಗೆ ಬೇರೆಯವರು ಹೇಳಿಕೊಡಬೇಕಿರಲಿಲ್ಲ.

"ಇದು ಸಾಮೂಹಿಕ ನಕಲು!" ಎಂದು ಪಂಚೆ ಎತ್ತಿ ಕಟ್ಟಿದರು. "ನಾನೇ ಬಿಚ್ಚುತ್ತೇನೆ. ಸಾಕ್ಷಿ ಒಳಗೇ ಇದೆ!"

"ಸಂದೀಪಗ ಫೋನ್ ಮಾಡ್ಲೇನ್ರಿ?" ಎಂದಳು ರೇಖಾ. ಸಂದೀಪ ಓಣಿಯ ನಲ್ಲಿ ರಿಪೇರಿಯವನು.

"ಅವನ್ಯಾಕೆ? ಅವನಿಗೂ ನಿಮಗೂ ಏನು ಒಳ ಒಪ್ಪಂದ?"

ಮೊದಲು ಲಟ್ಟಣಿಗೆ ತೆಗೆದುಕೊಂಡು ಸಿಂಕಿನ ತೂತಿನೊಳಗೆ ತುರುಕಿ, ಗಾಣ ತಿರುಗಿಸುವವರಂತೆ ತಿರುಗಿಸಿದರು. ಒಳಗಿನ ಚಕ್ರ ಅಲುಗಲಿಲ್ಲ. ಹಲ್ಲು ಕಚ್ಚಿ ಇನ್ನೊಂದು ಸಲ ತಿರುಗಿಸಿದರು. "ಲಟಕ್!" ಲಟ್ಟಣಿಗೆಯ ಹಿಡಿ ಮುರಿದು ಒಳಗೇ ಉಳಿಯಿತು. ರೇಖಾಳಿಗೆ ತವರಿನಿಂದ ಬಂದ ಲಟ್ಟಣಿಗೆ ಅದು. ಪ್ರೊಫೆಸರರು ಉಳಿದ ತುಂಡನ್ನು ಸದ್ದಿಲ್ಲದೆ ಡಬ್ಬಿಯ ಹಿಂದೆ ಇಟ್ಟರು. ಆಕೆ ನೋಡಿಯೂ ನೋಡದವಳಂತಿದ್ದಳು.

ಆಮೇಲೆ ಪರೀಕ್ಷಾ ಕೊಠಡಿಯ ಟಾರ್ಚು ಹಿಡಿದು ಸಿಂಕಿನ ಕೆಳಗೆ ಅಂಗಾತ ಮಲಗಿದರು. ಯಂತ್ರದಿಂದ ಹೊರಡುವ ಕೊಳವೆಯನ್ನು ತಿರುಗಿಸಿ ತಿರುಗಿಸಿ ಬಿಚ್ಚಿದರು. ಕೊಳವೆಯೊಳಗೆ ಚಮಚವಾಗಲೀ ಚಿಪ್ಪಾಗಲೀ ಇರಲಿಲ್ಲ. ಒಂದು ಸಾಸಿವೆ ಕಾಳು ಕೂಡ ಇರಲಿಲ್ಲ! ಬರೀ ತಿಳಿನೀರು.

"ಸಾಕ್ಷಿ ನಾಶ!" ಎಂದು ಸಿಂಕಿನಡಿಯಿಂದ ಕೂಗು ಬಂತು. "ಯಾರೋ ತೊಳೆದಿದ್ದಾರೆ!"

ಎದ್ದರು. ಕೈ ಜಿಡ್ಡಾಗಿತ್ತು. ಅದೇ ಸಿಂಕಿನ ನಲ್ಲಿಯನ್ನು ಪೂರ್ತಿ ಬಿಟ್ಟು, ಸೋಪು ಹಚ್ಚಿ, ಮುಂದಿನ ಹೆಜ್ಜೆಯನ್ನು ಯೋಚಿಸುತ್ತಾ ನಿಧಾನವಾಗಿ ಕೈ ತೊಳೆಯತೊಡಗಿದರು. ಬಿಚ್ಚಿಟ್ಟ ಕೊಳವೆ ಮೂಲೆಯಲ್ಲಿತ್ತು. ಪಾದ ತಣ್ಣಗಾಯಿತು. ಹಿಮ್ಮಡಿ ಮುಳುಗಿತು.

"ನೀರು ಬಿಡ್ತಿರೋರು ಯಾರು?" ಎಂದು ಅರಚಿದರು, ಒಂದು ಕೈಯನ್ನು ನಲ್ಲಿಯ ಮೇಲೆ ಇಟ್ಟುಕೊಂಡೇ!

ರೇಖಾ ಬಂದು ನಲ್ಲಿ ತಿರುಗಿಸುವಷ್ಟರಲ್ಲಿ ನೀರು ತನ್ನ ದಾರಿ ಹುಡುಕಿಕೊಂಡಾಗಿತ್ತು. ಹತ್ತು ನಿಮಿಷಕ್ಕೆ ಕೆಳಗಿನ ಫ್ಲ್ಯಾಟಿನ ಡಾಕ್ಟರ್ ಚಿದಾನಂದ ಒದ್ದೆ ಪತ್ರಿಕೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮೈಸೂರಿನವರು, ಕಟ್ಟಡದ ಸಂಘದ ಕಾರ್ಯದರ್ಶಿ.

"ಏನ್ ಸಾರ್, ನಮ್ಮನೆ ದೇವರಕೋಣೇಲಿ ಗಂಗಾವತರಣ ಆಗ್ತಿದೆ! ಡೆಮೋ ಆಗ್ಲೇ ಶುರುವಾಯ್ತಾ?"

"ಸಣ್ಣ ತಾಂತ್ರಿಕ ತನಿಖೆ" ಎಂದರು ಪ್ರೊಫೆಸರರು. ಈ ಮನುಷ್ಯ ಹೇಳಿದ ಹೊತ್ತಿಗೆ ಮುಂಚೆಯೇ ಬಂದದ್ದೇಕೆ ಎಂಬ ಅನುಮಾನವೂ ಆ ಒದ್ದೆ ನೆಲದ ಮೇಲೆ ನಿಂತೇ ಅವರಿಗೆ ಬಂತು.

ಹನ್ನೊಂದಕ್ಕೆ ಸರಿಯಾಗಿ ಏಳು ಫ್ಲ್ಯಾಟಿನವರೂ ಅಡುಗೆಮನೆಯ ಬಾಗಿಲಲ್ಲಿ ಜಮಾಯಿಸಿದರು. ರೇಖಾ ಯಾರನ್ನೂ ಕೇಳದೆ ಕರೆಸಿದ್ದ ಸಂದೀಪನೂ ಚೀಲ ಹಿಡಿದು ಬಂದ. ಕೆಳಗೆ ಗೇಟಿನಿಂದ ಹಸು "ಅಂಬಾ" ಎಂದು ಕೂಗಿತು. ಎಂದಿನ ಹೊತ್ತು ಮೀರಿ ಒಂದು ಗಂಟೆಯಾಗಿತ್ತು. ಅದರ ದನಿಯಲ್ಲಿ ಸಿಟ್ಟಿತ್ತು.

"ಕೇಳಿದಿರಾ!" ಎಂದರು ಚಂದ್ರಮೌಳೇಶ್ವರರು ಹಿಂದಿಯಲ್ಲಿ, ಎಲ್ಲರ ಮುಖವನ್ನೂ ಒಂದು ಸುತ್ತು ಅಳೆದು. "ನಿಮ್ಮಲ್ಲೇ ಯಾರೋ ಒಬ್ಬರು! ಇರಲಿ. ಈಗ ಈ ಯಂತ್ರದ ಹೊಟ್ಟೆ ಬಗೆಯೋಣ. ಇದಕ್ಕೆ ಹಾಕಬಾರದ್ದನ್ನು ಯಾರು ಹಾಕಿದ್ದಾರೋ, ಹೊರಬರುವ ವಸ್ತುವೇ ಅವರ ಹೆಸರು ಹೇಳುತ್ತದೆ!"

ಸಂದೀಪ ಎರಡು ಬೋಲ್ಟು ಸಡಿಲಿಸಿ, ತಿರುವಿ, ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡ. ಎಲ್ಲರ ತಲೆಗಳೂ ಬಗ್ಗಿದವು. ಅವನು ಕೈ ಹಾಕಿ ಒಂದು ವಸ್ತುವನ್ನು ಹೊರತೆಗೆದು ಬೆಳಕಿಗೆ ಹಿಡಿದ.

ಲಟ್ಟಣಿಗೆಯ ಹಿಡಿ!

"ಮತ್ತೆ? ಅದರ ಹಿಂದೆ?" ಎಂದರು ಪ್ರೊಫೆಸರರು ಅವಸರವಾಗಿ.

ಸಂದೀಪ ಮತ್ತೆ ಕೈಯಾಡಿಸಿದ. ಟಾರ್ಚು ಬಿಟ್ಟು ನೋಡಿದ. ಮೂಸಿಯೂ ನೋಡಿದ. "ಅರೇ ಗುರೂ, ಈ ತ ಏಕದಮ್ ಕೋರಾ ಬಾ!" ಎಂದ. ಹೊಚ್ಚಹೊಸದು, ಒಳಗೆ ಏನೂ ಬಿದ್ದೇ ಇಲ್ಲ. ನಡೆಸದೇ ಇಟ್ಟಿದ್ದಕ್ಕೆ ತುಕ್ಕು ಹಿಡಿದು ಚಕ್ರ ಕಚ್ಚಿಕೊಂಡಿದೆ ಎಂದು ವಿವರಿಸಿದ. ತಿಂದಿದ್ದರೆ ಕೆಡುತ್ತಿರಲಿಲ್ಲ ಎಂದೂ ಸೇರಿಸಿದ.

ಡಾಕ್ಟರ್ ಚಿದಾನಂದ ಗಂಟಲು ಸರಿಮಾಡಿಕೊಂಡರು. "ಹಂಗಾದ್ರೆ ಸಾರ್, ನಾಲ್ಕು ತಿಂಗಳಿಂದ ನಿಮ್ಮನೆ ಸಿಪ್ಪೆಯೆಲ್ಲಾ..."

"ಅಂಬಾ!" ಎಂದಿತು ಗೇಟು.

ನೀಲಗಂಗಮ್ಮನವರಿಗೆ ಇನ್ನು ತಡೆಯಲಾಗಲಿಲ್ಲ. "ಸಾಕ್ ಬಿಡ್ರಿ ನಿಮ್ಮ ತನಿಖಿ! ಆ ಮೂಕ ಜೀವ ಒಂದು ತಾಸಿಂದ ಬಾಗಿಲಾಗ ನಿಂತೈತಿ!" ಎಂದು ಜನರನ್ನು ಸರಿಸಿ, ಗ್ಯಾಸ್ ಸಿಲಿಂಡರಿನ ಹಿಂದೆ ಕೈ ಹಾಕಿ, ಮುಚ್ಚಿಟ್ಟಿದ್ದ ಬಕೆಟ್ಟನ್ನು ಎಳೆದರು. ಕುಂಬಳಕಾಯಿ ಸಿಪ್ಪೆ, ಹೀರೆಕಾಯಿ ಸಿಪ್ಪೆ, ಮೇಲೊಂದು ಹಿಡಿ ಹಾಗಲಕಾಯಿ ಪಲ್ಯ. ಶೀತಲ್ ರೂಢಿಯಂತೆ ಓಡಿಬಂದು ಬಕೆಟ್ಟಿನ ಇನ್ನೊಂದು ಬದಿ ಹಿಡಿದಳು. ಇಬ್ಬರೂ ಮೆಟ್ಟಿಲಿಳಿದರು. ಕೂಗು ನಿಂತಿತು.

"ಅಂದರೆ... ನನ್ನ ಸ್ಕೂಟರಿಗೆ ಅಡ್ಡ ನಿಲ್ಲುತ್ತಿದ್ದದ್ದು..." ಪ್ರೊಫೆಸರರು ಕಿಟಕಿಯಿಂದ ಗೇಟಿನ ಕಡೆ ಬಗ್ಗಿ ನೋಡಿದರು.

"ನೀವು ಹೋಗೋದನ್ನ ಕಾಯ್ಕೋಂತ ನಿಲ್ತಿತ್ತು" ಎಂದಳು ರೇಖಾ. "ನೀವು ಮರೆಯಾದ ಕೂಡ್ಲೇ ಬಕೆಟ್ ಇಳೀತಿತ್ತು."

"ನನಗೆ ಒಂದು ಮಾತು ಹೇಳಬಾರದಿತ್ತೇ?"

"ಹೆಂಗ ಹೇಳ್ಲಿ? ಸಣ್ಣ ಹುಡುಗನಂಗ ಆಸೆಪಟ್ಟು ತಂದಿದ್ರಿ. ದಿನಾ ಸಂಜೀಕ ಬಂದು ಅದರ ಕ್ಷೇಮ ಕೇಳ್ತಿದ್ರಿ, ನಮ್ಮದು ಕೇಳದಿದ್ರೂ! ಮನಸ್ಸು ಬರಲಿಲ್ಲ. ಇವತ್ತಾದ್ರೂ ನಾಲ್ಕು ಮಂದಿ ಏನೂ ಹಾಕಿಲ್ಲ, ಏನೂ ಹಾಕಿಲ್ಲ ಅಂತ ಬಡ್ಕೊಂಡ್ವಿ. ನೀವು ನಂಬಿದ್ರೇನು?" ಆಮೇಲೆ ಲಟ್ಟಣಿಗೆಯ ಹಿಡಿಯನ್ನು ಸಂದೀಪನ ಕೈಯಿಂದ ತೆಗೆದುಕೊಂಡು ಗಂಡನ ಮುಂದೆ ಹಿಡಿದಳು. "ನಾಲ್ಕು ತಿಂಗಳಾಗ ಅದಕ್ಕ ಹಾಕಬಾರದ್ದು ಹಾಕಿದವರು ನೀವೊಬ್ರ."

ಚಂದ್ರಮೌಳೇಶ್ವರರಿಗೆ ತುಂಬಾ ನಾಚಿಕೆಯಾಯಿತು. ಏಳು ಫ್ಲ್ಯಾಟಿನವರ ಎದುರು ಒದ್ದೆ ಪಂಚೆಯಲ್ಲಿ ನಿಂತು ಸೀಟಿಯನ್ನು ಕುಕ್ಕರಿನ ಮೇಲೆ ಸರಿಯಾಗಿ ಕೂರಿಸಿದರು. ಪುಣ್ಯಕ್ಕೆ ಚಿದಾನಂದ ಒಳ್ಳೆಯವರು. ಸಭೆಯ ಪುಸ್ತಕ ತೆಗೆದು, "ಯಂತ್ರ ಪರಿಶೀಲಿಸಲಾಯಿತು" ಎಂದಷ್ಟೇ ಬರೆದು ಮುಚ್ಚಿದರು. "ನಮ್ಮನೆ ಸಿಪ್ಪೇನೂ ಆ ಹಸುವಿಗೇ ಸಾರ್" ಎಂದು ಕಿವಿಯಲ್ಲಿ ಹೇಳಿದರು. ಉಳಿದ ಆರು ಮನೆಯವರೂ ನೆಲ ನೋಡಿದರು.

ಸಂದೀಪ ತುಕ್ಕು ಉಜ್ಜಿ, ಎಣ್ಣೆ ಬಿಟ್ಟು, ಕೊಳವೆ ಜೋಡಿಸಿ ಗುಂಡಿ ಒತ್ತಿದ. ಯಂತ್ರ "ಘರ್ರ್" ಎಂದು ಭರ್ಜರಿಯಾಗಿ ತಿರುಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ರೇಖಾ ಒಲೆ ಹಚ್ಚಿದಳು. ಬಂದವರೆಲ್ಲ ಉಪ್ಪಿಟ್ಟು, ಬಾಳೆಹಣ್ಣು ತಿಂದು ಹೋದರು.

ಕೊನೆಯಲ್ಲಿ ಪ್ರೊಫೆಸರರೂ ತಿಂದರು. ಮದುವೆಯಾದ ಹದಿನೇಳು ವರ್ಷಗಳಲ್ಲಿ ಮೊದಲ ಬಾರಿಗೆ ತಮ್ಮ ತಟ್ಟೆಯನ್ನು ತಾವೇ ಎತ್ತಿಕೊಂಡು ಎದ್ದರು. ವರ್ಷಿಣಿ ಬಾಯಿಬಿಟ್ಟು ನೋಡಿದಳು. ಪ್ರೊಫೆಸರರು, ತಾನೇ ತಂದ ಯಂತ್ರಕ್ಕೆ ಇನ್ನು ದಿನಾ ತಾನೇ ಹಾಕುತ್ತೇನೆ, ಅದು ಮತ್ತೆಂದೂ ತುಕ್ಕು ಹಿಡಿಯಬಾರದು ಎಂದು ಮನಸ್ಸಿನಲ್ಲೇ ನಿಶ್ಚಯಿಸಿ, ಸಿಂಕಿನ ಬಳಿ ಬಂದು, ಬಾಳೆಹಣ್ಣಿನ ಸಿಪ್ಪೆಯನ್ನು ಅದರ ಬಾಯಿಗೆ ಹಿಡಿದರು.

ಖಾಲಿ ಬಕೆಟ್ಟನ್ನು ಸಿಲಿಂಡರಿನ ಹಿಂದೆ ಇಡುತ್ತಿದ್ದ ನೀಲಗಂಗಮ್ಮನವರು ಓಡಿಬಂದು ಅವರ ಕೈ ಹಿಡಿದುಕೊಂಡರು.

"ಬ್ಯಾಡ್ರೀ ಅಳಿಯದೇವ್ರ! ಈಗರ ರಿಪೇರಿ ಆಗೇತಿ. ಏನರ ಹಾಕಿ ಮತ್ತ ಕೆಡಿಸಿಗಿಡಿಸೀರಿ!"