ತಪ್ಪು ಮಾಡದ ಕಾಕಾ, ಸದ್ದು ಮಾಡದ ಕಾರು

ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಹುಟ್ಟಿದಾಗಿನಿಂದ ಇಲ್ಲಿಯವರೆಗೆ ಒಂದೇ ಒಂದು ತಪ್ಪು ಮಾಡಿಲ್ಲ. ಇದು ನನ್ನ ಅಭಿಪ್ರಾಯವಲ್ಲ, ಸ್ವತಃ ಕಾಕಾನದೇ ಅಭಿಪ್ರಾಯ! ಒಮ್ಮೆ ಗೋಕಾಕ ಬಸ್‌ಸ್ಟ್ಯಾಂಡಿನಲ್ಲಿ ಹುಕ್ಕೇರಿ ಬಸ್ಸೆಂದು ತಿಳಿದು ರಾಯಬಾಗದ ಬಸ್ಸು ಹತ್ತಿ ಕುಳಿತರು. ಬೋರ್ಡು ಓದುವುದು ಅವರ ಘನತೆಗೆ ಕಡಿಮೆ. ರಾಯಬಾಗದಲ್ಲಿ ಇಳಿದ ಮನುಷ್ಯ ಹಣೆ ಬಡಿದುಕೊಳ್ಳಬೇಕಲ್ಲವೇ? ಇಲ್ಲ. ಅಲ್ಲಿ ಒಂದು ದೊಡ್ಡ ಕುಂಬಳಕಾಯಿ ಕೊಂಡು, ಹೆಗಲ ಮೇಲೆ ಹೊತ್ತು ತಂದು, ಇದನ್ನು ತರಲೆಂದೇ ಹೋಗಿದ್ದೆ ಎಂದು ಮನೆಯಲ್ಲಿ ಹೇಳಿದರು. ಹುಕ್ಕೇರಿಯಲ್ಲಿ ದಿನವಿಡೀ ಇವರ ದಾರಿ ಕಾದ ವಕೀಲರು ಇಂದಿಗೂ ಇವರೊಡನೆ ಮಾತಾಡುವುದಿಲ್ಲ.

ಇಂಥ ಕಾಕಾ ಕಳೆದ ವರ್ಷ ಟ್ರ್ಯಾಕ್ಟರಿನ ಟಾಯರು ತರಲು ಕೊಲ್ಲಾಪುರಕ್ಕೆ ಹೋದವರು ಕಾರು ತಂದರು. ಅದೂ ಎಂಥ ಕಾರು? ಹೈಬ್ರಿಡ್! ಅದರಲ್ಲಿ ಪೆಟ್ರೋಲಿನ ಎಂಜಿನ್ನೂ ಇದೆ, ಕರೆಂಟಿನ ಮೋಟಾರೂ ಇದೆ, ಹಿಂದಿನ ಸೀಟಿನ ಬೆನ್ನಿಗೆ ಸಂದೂಕದಷ್ಟು ದೊಡ್ಡ ಬ್ಯಾಟರಿಯೂ ಇದೆ. ನಮ್ಮ ಕಡೆ ಹೈಬ್ರಿಡ್ ಎಂದರೆ ಗೋವಿನಜೋಳದ ಬೀಜ. ಕಾಕಾನಿಗೆ ಮೂಡಲಗಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಬೇರೆ. ಹೈಬ್ರಿಡ್ ಬಂದಿದೆಯೆಂಬ ಸುದ್ದಿ ಕೇಳಿ ಇಬ್ಬರು ರೈತರು ಖಾಲಿ ಚೀಲ ಹಿಡಿದುಕೊಂಡೇ ಬಂದರಂತೆ.

ಕಾರು ಹೊಸದೇನಲ್ಲ. ಯಾರು ಯಾರದೋ ಕೈಯಲ್ಲಿ ಎರಡು ಲಕ್ಷ ಎಂಬತ್ತು ಸಾವಿರ ಕಿಲೋಮೀಟರ್ ಓಡಿ ಬಂದಿತ್ತು. ಕಾಕಾನ ಹೆಂಡತಿಯ ತಮ್ಮ, ಯಮಕನಮರಡಿಯವನು, ಲಾರಿ ಧಂದೆ ಮಾಡುವವನು, ಮೀಟರಿಗೆ ಕಣ್ಣು ಹಚ್ಚಿ ನೋಡಿ ಕೇಳಿದ:

"ಮಾವಾರ, ಇಷ್ಟ ಓಡೇತಂದ್ರ ದಣದಿರಬೇಕಲ್ರಿ?"

"ದಣದಿಲ್ಲೋ, ರೂಢಿ ಆಗೇತಿ!" ಎಂದರು ಕಾಕಾ.

ಇದನ್ನೇ ಯಾಕೆ ಕೊಂಡಿರಿ ಎಂದು ಯಾರು ಕೇಳಿದರೂ ಅವರ ಉತ್ತರ ಒಂದೇ: "ಪೆಟ್ರೋಲ್ ಉಳಿತೈತಿ." ವಾರಕ್ಕೊಮ್ಮೆ ನಾಗನೂರಿನ ಮನೆಯಿಂದ ಗೋಕಾಕಕ್ಕೆ ಬರುವ ಮನುಷ್ಯನಿಗೆ ಪೆಟ್ರೋಲ್ ಎಷ್ಟು ಉಳಿದೀತು? ಆದರೆ ಕೇಳುವ ಧೈರ್ಯ ಯಾರಿಗಿತ್ತು!

ಈಗ ಕಾಕುವಿನ ವಿಷಯ ಹೇಳಬೇಕು. ಕಾಕು ಅಂದರೆ ಕಾಕಾನ ಹೆಂಡತಿ. ಅವಳಿಗೆ ಗಾಡಿ ಎಂದರೆ ಆಗದು. ನಾಗರ ಪಂಚಮಿಯಲ್ಲಿ ಜೋಕಾಲಿ ಹತ್ತಿದರೆ ಬೇವಿನ ಮರದ ತುದಿ ಮುಟ್ಟಿ ಬರುವ ಗಟ್ಟಿ ಹೆಣ್ಣುಮಗಳು, ಬಸ್ಸು ಹತ್ತಿದರೆ ಡೀಸೆಲ್ ವಾಸನೆಗೆ, ಎಂಜಿನ್ನಿನ ನಡುಕಕ್ಕೆ ಗೋಕಾಕ ದಾಟುವುದರೊಳಗೆ ವಾಂತಿ ಮಾಡಿಕೊಂಡು ಸೋತು ಸುಣ್ಣವಾಗುತ್ತಾಳೆ. ಜೀಪು, ಟೆಂಪೊ, ಆಟೋ ಎಲ್ಲವನ್ನೂ ನೋಡಿದ್ದಾಯಿತು. ಕೈಯಲ್ಲಿ ನಿಂಬೆಹಣ್ಣು ಹಿಡಿದು, ಮೂಗಿಗೆ ಸೆರಗು ಒತ್ತಿಕೊಂಡು ಹೋದದ್ದೂ ಆಯಿತು. ಕೊನೆಗೆ ತವರಿಗೆ ಹೋಗುವುದನ್ನೇ ಬಿಟ್ಟಳು. ಪ್ರತಿ ಪಂಚಮಿಗೆ ತಮ್ಮ ಕರೆಯಲು ಬರುತ್ತಿದ್ದ, ಉಂಡಿಯ ಡಬ್ಬಿ ಇಟ್ಟು ಹೋಗುತ್ತಿದ್ದ. ಕಾಕು ಹಿತ್ತಲಿನ ಬೇವಿಗೆ ಹಗ್ಗ ಕಟ್ಟಿಸಿ, ಒಬ್ಬಳೇ ಜೀಕಿ, ಹಬ್ಬ ಮುಗಿಸುತ್ತಿದ್ದಳು.

ಈ ಕಾರು ಮಾತ್ರ ಅವಳಿಗೆ ಒಗ್ಗಿತು. ವಾಸನೆ ಇಲ್ಲ, ನಡುಕವಿಲ್ಲ. ಆದರೂ ಮುಂದಿನ ಸೀಟಿನಲ್ಲಿ ಕೂರಲು ಸುತರಾಂ ಒಪ್ಪಳು. "ರಸ್ತೆ ಮೈಮ್ಯಾಲ ಬಂದಂಗ ಆಗ್ತೈತಿ" ಎನ್ನುತ್ತಾಳೆ. ಹಿಂದಿನ ಸೀಟಿನಲ್ಲಿ ಅವ್ವನ ಕೌದಿ ಹಾಸಿಕೊಂಡು, ಕಾಲು ಚಾಚಿ, ಕಣ್ಣು ಮುಚ್ಚಿ ಕೂರುತ್ತಾಳೆ. ಆ ಕೌದಿ ಅವಳ ಮದುವೆಯಲ್ಲಿ ಅವಳ ಅವ್ವ ಹೊಲಿದುಕೊಟ್ಟದ್ದು, ಅವ್ವನ ಸೀರೆಗಳ ತುಂಡುಗಳನ್ನೇ ಜೋಡಿಸಿದ್ದು. ಅವ್ವ ಈಗ ಇಲ್ಲ, ಕೌದಿ ಇದೆ.

ಇನ್ನು ಆ ಕಾರಿನ ಚಾಕರಿ! ಮೊದಲ ವಾರವೇ ಗೋಕಾಕದ ಪ್ಯಾಟಿಯಲ್ಲಿ, ಬಸ್ಸು, ಆಟೋಗಳ ನಡುವೆ, ಕಾರು ನಿಂತಿತು. ನಿಂತರೆ ಎಂಜಿನ್ ತಾನೇ ಆರುವುದು ಈ ಕಾರುಗಳ ಗುಣ. ಜನರಿಗೇನು ಗೊತ್ತು? "ಪಾಪ, ಹಿರ್ಯಾರ ಗಾಡಿ ಬಂದ್ ಬಿದ್ದೈತಿ" ಎಂದು ಬಾಳೆಹಣ್ಣಿನ ಗಾಡಿಯವನೂ ಇಬ್ಬರು ಆಟೋದವರೂ ಹಿಂದಿನಿಂದ ನೂಕತೊಡಗಿದರು. ಕಾಕಾ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಒದರಿದರು:

"ಏ, ಕೈ ತಗೀರೋ! ಬಂದ್ ಬಿದ್ದಿಲ್ಲ ಅದು, ಸುಮ್ಮನಾಗೇತಿ!"

ಎರಡನೆಯ ಸಲ ಮಾತ್ರ ನಿಜವಾಗಿಯೂ ಬಂದ್ ಬಿತ್ತು. ಈ ಕಾರುಗಳಲ್ಲಿ ದೊಡ್ಡ ಬ್ಯಾಟರಿಯ ಜೊತೆಗೆ ಒಂದು ಸಣ್ಣ ಬ್ಯಾಟರಿಯೂ ಇರುತ್ತದೆ. ಸಣ್ಣದು ಸತ್ತರೆ ದೊಡ್ಡದು ಎಷ್ಟೇ ಗಟ್ಟಿಯಿದ್ದರೂ ಕಾರು ಏಳುವುದಿಲ್ಲ. ಕಾಕಾ ಕಾರಿನ ಪೂಜೆಯ ದಿನ ಬಾಗಿಲು ತೆರೆದಿಟ್ಟು ಒಳಗಿನ ದೀಪ ಉರಿಸಿಯೇ ಬಿಟ್ಟಿದ್ದರು. ಸಣ್ಣದು ಸತ್ತಿತು. ಇಡೀ ಓಣಿ ಸೇರಿ ಬಸವಣ್ಣನ ಗುಡಿಯವರೆಗೆ ನೂಕಿದರು, ಅಲ್ಲಿಂದ ಮರಳಿ ಮನೆಯವರೆಗೆ ನೂಕಿದರು. ನೂಕಿದರೆ ಚಾಲು ಆಗುವ ಜಾತಿಯೇ ಅಲ್ಲ ಅದು! ಅಂದು ಗೋಕಾಕದಿಂದ ಹೋಗಿದ್ದ ನಾನು ಬೆವರು ಒರೆಸಿಕೊಳ್ಳುತ್ತ ಕೇಳಿದೆ: "ಕಾಕಾ, ಚಾಲು ಆಗ್ಲಿಲ್ಲಲ್ರಿ?"

"ಚಾಲು ಆಗ್ಲಿ ಅಂತ ಯಾರ ಅಂದ್ರು? ಟಾಯರ್ ಸಡಿಲ ಆಗ್ಲಿ ಅಂತ ನೂಕಿಸೀನಿ."

ಆಮೇಲೆ ಯಾರೂ ನೋಡದಾಗ ಟ್ರ್ಯಾಕ್ಟರಿನ ಬ್ಯಾಟರಿಗೆ ತಂತಿ ಜೋಡಿಸಿ ಎಬ್ಬಿಸಿದರು. ಕಾಕು ನೋಡಿ ನನಗೆ ಹೇಳಿದಳು.

ಮೂರನೆಯದು ದೊಡ್ಡ ರೋಗ. ದೂರ ಹೋದರೆ ಸಾಕು, ಮುಂದೆ ಕೆಂಪು ದೀಪ ಹತ್ತಿ, ಹಿಂದೆ ಎಲ್ಲಿಂದಲೋ ಗುಂಯ್ ಎಂಬ ಸದ್ದು ಬಂದು, ಕಾರು ಸುಸ್ತಾಗಿ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಏಳುತ್ತಿತ್ತು. ಗೋಕಾಕದಲ್ಲಿ ನನ್ನ ಝೆರಾಕ್ಸ್ ಅಂಗಡಿಯ ಬಾಜೂಕ್ಕೇ ಇರುವ ಗ್ಯಾರೇಜಿನ ಮೇಸ್ತ್ರಿ ಬಾನೆಟ್ ಎತ್ತಿ, ಕಿತ್ತಳೆ ಬಣ್ಣದ ದಪ್ಪ ವೈರುಗಳನ್ನು ನೋಡಿ, ಎರಡು ಹೆಜ್ಜೆ ಹಿಂದೆ ಸರಿದ.

"ಇದರಾಗ ಭಾರಿ ಕರೆಂಟ್ ಐತ್ರಿ. ನಂಗಿನ್ನ ಲಗ್ನ ಆಗಬೇಕಾಗೇತಿ."

ಊರಿನಿಂದ ದೂರದ ದೊಡ್ಡ ವರ್ಕ್‌ಶಾಪಿನವರು ಕಾರಿನ ವಯಸ್ಸು ಕೇಳಿ, ಬ್ಯಾಟರಿಯನ್ನೇ ಬದಲಿಸಿ, ಇಲ್ಲದಿದ್ದರೆ ಗುಜರಿಗೆ ಹಾಕಿ ಎಂದರು. ಕಾಕಾ ಕೆರಳಿದರು. "ನಂಗೂ ವಯಸ್ಸಾಗೇತಿ, ನನ್ನೂ ಗುಜರಿಗಿ ಹಾಕ್ತೀರೇನು?" ಎಂದು ಕೇಳಿ ಕಾರು ತಿರುಗಿಸಿಕೊಂಡು ಬಂದರು.

ಅಂದಿನಿಂದ ಕಾಕಾನೇ ಮೇಸ್ತ್ರಿ. ಕಟ್ಟೆಯ ಮೇಲೆ ಕುಳಿತು ಮೊಬೈಲಿನಲ್ಲಿ ರಿಪೇರಿ ವಿಡಿಯೋ ನೋಡುವುದೇ ಕೆಲಸವಾಯಿತು. ಯಾವ ದೇಶದವನೋ, ಯಾವ ಭಾಷೆಯೋ! "ಮಾತ ತಿಳಿತಾವೇನ್ರಿ ಕಾಕಾ?" ಎಂದರೆ, "ಮಾತ ತಗೊಂಡ ಏನ್ ಮಾಡ್ಲಿ? ಕೈ ಕಾಣ್ತಾವಲ್ಲ!" ಎನ್ನುತ್ತಿದ್ದರು. ನೀರು ಬದಲಿಸಿದರು, ಎಣ್ಣೆ ಬದಲಿಸಿದರು, ಪ್ಲಗ್ಗು ಉಜ್ಜಿದರು. ಹಿಂದಿನ ಸೀಟಿನ ಪಕ್ಕ ಸಣ್ಣ ಸಣ್ಣ ತೂತುಗಳ ಒಂದು ಜಾಳಿಗೆ ಇತ್ತು. ಅದು ಹಾಡಿನ ಸ್ಪೀಕರ್ ಎಂದೂ, ಕೆಟ್ಟಿದೆ ಎಂದೂ, ಕಾಕುವಿಗೆ ಹಾಡು ಸೇರದ್ದರಿಂದ ಕೆಟ್ಟದ್ದೇ ಒಳ್ಳೆಯದಾಯಿತು ಎಂದೂ ತೀರ್ಮಾನಿಸಿದರು. ಎಷ್ಟು ಮಾಡಿದರೂ ಕೆಂಪು ದೀಪ ಆರಲಿಲ್ಲ.

ಶ್ರಾವಣ ಹತ್ತಿರ ಬಂತು. ಹಬ್ಬದ ಮುಂಚೆ ನಮ್ಮಲ್ಲಿ ಹಾಸಿಗೆ, ಹೊದಿಕೆ ಎಲ್ಲ ಹೊಳೆಗೆ ಒಯ್ದು ಒಗೆಯುವುದು ರೂಢಿ. ಕಾಕುವಿನ ಕೌದಿಯೂ ಹೋಯಿತು. ಮಳೆಗಾಲದ ಮೋಡದಲ್ಲಿ ಆ ದಪ್ಪ ಕೌದಿ ಬೇಗ ಒಣಗುವುದುಂಟೇ? ಅದು ಹಗ್ಗದ ಮೇಲೆ ತೂಗುತ್ತಿದ್ದಷ್ಟು ದಿನ ಕಾರು ಹೂವಿನಂತೆ ಓಡಿತು. ಮೂಡಲಗಿಗೆ ಹೋಯಿತು, ಗೋಕಾಕಕ್ಕೆ ಬಂತು, ಘಟಪ್ರಭಾಕ್ಕೂ ಹೋಗಿ ಬಂತು. ದೀಪವಿಲ್ಲ, ಸದ್ದಿಲ್ಲ! ಇದಕ್ಕೆ ಕಾರಣವೇನು? ಗಾಡಿಯ ಮುಖವನ್ನು ಮೂಡಣಕ್ಕೆ ಮಾಡಿ ನಿಲ್ಲಿಸತೊಡಗಿದ್ದೇ ಕಾರಣ ಎಂದರು ಕಾಕಾ. ಎದೆ ಉಬ್ಬಿಸಿಕೊಂಡು ಯಮಕನಮರಡಿಗೆ ಫೋನು ಹಚ್ಚಿದರು.

"ಈ ಪಂಚಮಿಗಿ ನಿಮ್ಮಕ್ಕನ್ನ ಕರ್ಯಾಕ ಬರಬ್ಯಾಡ. ನಾನ ಕರ್ಕೊಂಡ ಬರ್ತೀನಿ, ಇದ ಗಾಡ್ಯಾಗ."

ಆ ಕಡೆಯಿಂದ ನಗು. "ಮಾವಾರ, ನಿಮ್ಮ ಖಟಾರಾ ತನ್ನ ಕಾಲ ಮ್ಯಾಲ ನಮ್ಮ ಮನಿಗಿ ಬಂತಂದ್ರ ಮಂದಿ ಮುಂದ ಅದಕ್ಕ ಆರತಿ ಮಾಡ್ತೀನಿ. ಇಲ್ಲಂದ್ರ ಮರುದಿನಾನ ಗುಜರಿಗಿ! ಕಬೂಲ್ ಏನ್ರಿ?"

"ಕಬೂಲ್!"

ಕಾಕು ಒಳಗಿನಿಂದ ಓಡಿ ಬಂದಳು. "ಅಲ್ರಿ, ಕಾರ್ ಹೋದ್ರ ನಾ ಮತ್ತ ಯಾವುದರಾಗ ತವರಿಗಿ ಹೋಗ್ಲಿ?" ಕಾಕಾ ಬಟ್ಟೆ ತೆಗೆದುಕೊಂಡು ಹೋಗಿ, ಅದಾಗಲೇ ಮಿಂಚುತ್ತಿದ್ದ ಗಾಜನ್ನು ಮತ್ತೆ ಒರೆಸಿದರು.

ಪಂಚಮಿಯ ದಿನ ಕಾರು ಗೋಕಾಕದ ನನ್ನ ಮನೆಯ ಮುಂದೆ ನಿಂತಿತು. "ಬಾರಪಾ, ನೂಕಾಕ ಒಬ್ರು ಬೇಕು" ಎಂದಳು ಕಾಕು. "ನೂಕಾಕಲ್ಲ, ಸಾಕ್ಷಿಗಿ!" ಎಂದರು ಕಾಕಾ. ನನ್ನ ಕಣ್ಣೆದುರೇ ಬಾನೆಟ್ ಎತ್ತಿ ನೀರು ನೋಡಿದರು, ಎಣ್ಣೆ ನೋಡಿದರು, ನನಗೂ ತೋರಿಸಿದರು. ಎಲ್ಲ ತುಂಬಿತ್ತು. ನಾನು ಮುಂದೆ ಕುಳಿತೆ. ಹಿಂದೆ ಕಾಕು, ಉಂಡಿಯ ಡಬ್ಬಿ, ಮತ್ತು ಕಡೆಗೂ ಒಣಗಿ ಬಂದಿದ್ದ ಕೌದಿ.

ಘಟಪ್ರಭಾ ದಾಟುವವರೆಗೆ ಎಲ್ಲ ಚೆನ್ನಾಗಿತ್ತು. ಹುಕ್ಕೇರಿ ಹತ್ತಿರ ಬರುತ್ತಿದ್ದಂತೆ ಹಿಂದಿನಿಂದ ಗುಂಯ್ ಎಂದಿತು. ಕೆಂಪು ದೀಪ ಹತ್ತಿತು. ಕಬ್ಬಿನ ಹೊಲದ ಬದಿಗೆ ಕಾರು ನಿಂತಿತು. ಕಾಕಾ ಇಳಿದು ಬಾನೆಟ್ ಎತ್ತಿದರು. ಅದೇ ಹೊತ್ತಿಗೆ ಬೈಕಿನಲ್ಲಿ ಹೋಗುತ್ತಿದ್ದ ಯಮಕನಮರಡಿಯವರೊಬ್ಬರು ನಮ್ಮನ್ನು ನೋಡಿ, ನಕ್ಕು, ಮುಂದೆ ಹೋದರು. ಸುದ್ದಿ ನಮಗಿಂತ ಮೊದಲೇ ಊರು ಮುಟ್ಟುವುದು ಖಚಿತವಾಯಿತು. ಕಾಕಾನ ಮುಖ ನೋಡಲಾರದೆ ನಾನು ಕಬ್ಬು ನೋಡುತ್ತ ನಿಂತೆ.

ಅಷ್ಟರಲ್ಲಿ ಕಾಕು ಒಳಗಿನಿಂದ ಕಿರುಚಿದಳು: "ಏನ್ರಿ! ಬರ್ರಿ ಇಲ್ಲಿ! ಯಾರೋ ನನ್ನ ಕೌದಿ ಜಗ್ಗಾಕತ್ತಾರ!"

ಓಡಿ ಹೋಗಿ ನೋಡಿದೆವು. ನಿಜ! ಕಾಕಾ ಸ್ಪೀಕರ್ ಎಂದಿದ್ದ ಆ ಜಾಳಿಗೆಗೆ ಕೌದಿಯ ಅಂಚು ಕಚ್ಚಿಕೊಂಡಿತ್ತು. ಎಳೆದರೆ ಬಂತು, ಬಿಟ್ಟರೆ ಮತ್ತೆ ಹೋಗಿ ಅಂಟಿತು. ಕಾಕಾ ಅದರ ಮುಂದೆ ಅಂಗೈ ಹಿಡಿದರು. ಒಳಗಿನ ಫ್ಯಾನು ಗಾಳಿ ಎಳೆಯುತ್ತಿತ್ತು. ಬ್ಯಾಟರಿ ತಂಪಾಗಲು ಉಸಿರಾಡುವ ಮೂಗು ಅದು! ಇಷ್ಟು ದಿನ ಆ ಮೂಗಿನ ಮೇಲೆ ಕೌದಿ ಹೊದಿಸಿ, ಸೀಟಿನ ಸಂದಿಗೆ ಸಿಕ್ಕಿಸಿ, ಕಾರನ್ನು ಬೆಚ್ಚಗೆ ಮಲಗಿಸಿದ್ದೆವು. ಟೀವಿಗೆ ಬಟ್ಟೆ, ಫ್ರಿಜ್ಜಿಗೆ ಬಟ್ಟೆ, ಮಿಕ್ಸಿಗೂ ಬಟ್ಟೆ ಹೊದಿಸುವ ಮಂದಿ ನಾವು, ಕಾರನ್ನು ಬಿಟ್ಟೇವೇ?

ನಾನು ನಗಲು ಬಾಯಿ ತೆರೆದವನು ಹಾಗೇ ಮುಚ್ಚಿದೆ. ಕಾಕುವಿನ ಕಣ್ಣು ತುಂಬಿತ್ತು.

"ನಮ್ಮವ್ವನ ಕೌದೀನ ನಿಮ್ಮ ಗಾಡಿಗಿ ಮುಳ್ಳಾತಲ್ರಿ. ತಮ್ಮಗ ಗೊತ್ತಾದ್ರ, ಮನಿ ಮಂದಿಯೆಲ್ಲಾ ಕೂಡಿ ಅವ್ವನ ಕೌದಿ ನೋಡಿ ನಗ್ತಾರ."

ಕಾಕಾ ಕೌದಿಯನ್ನು ಅಂಚಿಗೆ ಅಂಚು ಕೂಡಿಸಿ ಮಡಚಿ, ಅವಳ ತೊಡೆಯ ಮೇಲೆ ಇಟ್ಟರು. ಬಾನೆಟ್ ಹಾಕಿದರು. ಸ್ವಲ್ಪ ಹೊತ್ತಿಗೆ ದೀಪ ಆರಿತು. ಅಲ್ಲಿಂದ ಯಮಕನಮರಡಿಯವರೆಗೆ ಕಾರು ಒಂದು ಸಲವೂ ಕೆಮ್ಮಲಿಲ್ಲ.

ಮನೆಯ ಮುಂದೆ ಅರ್ಧ ಊರೇ ನೆರೆದಿತ್ತು. ಕಾಕುವಿನ ತಮ್ಮ ಅಂಗಳದ ನಡುವೆ ನಿಂತು ದೊಡ್ಡ ದನಿಯಲ್ಲಿ ಸ್ವಾಗತಿಸಿದ:

"ಬರ್ರಿ ಮಾವಾರ! ಹುಕ್ಕೇರಿ ಹತ್ರ ಬಾಯಿ ತಕ್ಕೊಂಡ ನಿಂತಿತ್ತಂತಲ್ರಿ? ಹೇಳ್ರಿ ಮಂದಿ ಮುಂದ, ಗಾಡೀದ ತಪ್ಪೋ, ಗಾಡಿ ಕೊಟ್ಟಾವಂದೋ?"

ಕಾಕು ಕೌದಿಯನ್ನು ಎದೆಗೆ ಅವಚಿಕೊಂಡಳು. ಈಗ ಕಾಕಾನ ಬಾಯಿಂದ ಏನು ಬರುತ್ತದೆಂದು ನಾನು ಲೆಕ್ಕ ಹಾಕತೊಡಗಿದೆ. ಕಬ್ಬು ನೋಡಲು ನಿಲ್ಲಿಸಿದ್ದೆ ಎನ್ನುತ್ತಾರೋ, ಕಂಪನಿಯವರಿಗೆ ಬುದ್ಧಿಯಿಲ್ಲ ಎನ್ನುತ್ತಾರೋ? ಕುಂಬಳಕಾಯಿಯ ಕಾಕಾ ಅವರು! ಕಾಕಾ ಟೊಪ್ಪಿಗೆ ತೆಗೆದು, ತಲೆ ಒರೆಸಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದರು:

"ಯಾರದೂ ಅಲ್ಲೋ. ತಪ್ಪ ನಂದು. ಮುಂಜಾನೆ ನೀರ ನೋಡೂದು ಮರ್ತಿದ್ದೆ."

ಕಾಕುವಿನ ತಮ್ಮ ಬಾಯಿ ಬಿಟ್ಟು ನಿಂತ. ಮೂರು ತಾಲೂಕಿನಲ್ಲಿ ಆ ಮಾತನ್ನು ಆ ಬಾಯಿಂದ ಕೇಳಿದವರು ಅಲ್ಲಿಯವರೆಗೆ ಒಬ್ಬರೂ ಇರಲಿಲ್ಲ. ಗುಜರಿಯ ಮಾತು ಅವನಿಗೆ ಮರೆತೇ ಹೋಯಿತು. ಒಳಗೆ ಹೋಗಿ, ಆರತಿ ತಂದು, ಕಾರಿಗೆ ಬೆಳಗಿದ.

ನೀರು ತುಂಬಿದ್ದನ್ನು ಮುಂಜಾನೆ ಕಣ್ಣಾರೆ ನೋಡಿದ ಸಾಕ್ಷಿ ನಾನು. ಬಾಯಿ ಬಿಡಲಿಲ್ಲ. ಪೆಟ್ರೋಲ್ ಉಳಿಸಲು ಈ ಕಾರು ಕೊಂಡರೆಂದು ಇಷ್ಟು ದಿನ ನಂಬಿದ್ದ ನನ್ನ ಮೇಲೆ ನನಗೇ ನಗು ಬಂತು; ವಾಸನೆಯಿಲ್ಲದ, ನಡುಕವಿಲ್ಲದ ಗಾಡಿಯನ್ನೇ ಹುಡುಕಿ ತಂದದ್ದು ಯಾರಿಗಾಗಿ ಎಂಬುದು ಈಗ ಹೊಳೆಯಿತು.

ಕಾಕು ತವರಿನ ಜೋಕಾಲಿ ಜೀಕಿದಳು. ಹೊತ್ತು ಇಳಿಯುವವರೆಗೂ ಜೀಕಿದಳು. ಹೊರಡುವಾಗ ಅಭ್ಯಾಸದಂತೆ ನಾನು ಮುಂದಿನ ಬಾಗಿಲಿಗೆ ಕೈ ಹಾಕಿದೆ. ಕಾಕು ನನ್ನ ಕೈಗೆ ಕೌದಿ ಕೊಟ್ಟಳು. "ನೀ ಹಿಂದ ಕುಂದ್ರ. ಜಾಳಿಗಿ ಮ್ಯಾಲ ಬೀಳಲಾರದಂಗ ಹಿಡ್ಕೋ" ಎಂದು ಹೇಳಿ, ತಾನು ಮುಂದಿನ ಸೀಟಿನಲ್ಲಿ ಕಾಕಾನ ಪಕ್ಕ ಕುಳಿತಳು.

ಕಾಕಾ ಗಾಬರಿಯಾದರು. "ರಸ್ತೆ ಮೈಮ್ಯಾಲ ಬರ್ತೈತಿ ಅಂತಿದ್ಯಲ್ಲ?"

"ಬರ್ಲಿ ಬಿಡ್ರಿ" ಎಂದಳು ಕಾಕು.