ಕಾಂಬೋಡಿಯಾದಲ್ಲಿ ಹೆಬ್ಬಗೋಡಿ ಇಂಗ್ಲಿಷು

"ಮೂರೇ ವಾರ ಕೊಡಿ ಪಾಸ್ಟರ್! ಕಾಂಬೋಡಿಯಾದ ಕಪ್ಪೆ ಕೂಡ ಇಂಗ್ಲಿಷಲ್ಲೇ ವಟಗುಟ್ಟೋ ಹಾಗೆ ಮಾಡ್ತೀನಿ!"

ಹೆಬ್ಬಗೋಡಿಯ ಪುಟ್ಟ ಚರ್ಚಿನಲ್ಲಿ ಭಾನುವಾರದ ಆರಾಧನೆ ಮುಗಿದ ಮೇಲೆ, ಟೀ ಲೋಟವನ್ನು ವಿಜಯಪತಾಕೆಯಂತೆ ಎತ್ತಿಹಿಡಿದು ಜಯಶೀಲ ಹೀಗೆ ಘೋಷಿಸಿದ. ಚರ್ಚಿನ ತಂಡವೊಂದು ಸೇವೆಗೆಂದು ಕಾಂಬೋಡಿಯಾದ ಹಳ್ಳಿಯೊಂದಕ್ಕೆ ಹೊರಟಿತ್ತು. ಅಲ್ಲಿನ ಹೆಂಗಸರಿಗೂ ಮಕ್ಕಳಿಗೂ ಇಂಗ್ಲಿಷ್ ಕಲಿಸಲು ಒಬ್ಬರು ಬೇಕಿತ್ತು. ಜಯಶೀಲನಲ್ಲದೆ ಇನ್ಯಾರು? ಎಲೆಕ್ಟ್ರಾನಿಕ್ ಸಿಟಿಯ ಕಾಲ್ ಸೆಂಟರಿನಲ್ಲಿ ಹುಡುಗ ಹುಡುಗಿಯರ ನಾಲಿಗೆ ತಿದ್ದುವುದೇ ಅವನ ಹೊಟ್ಟೆಪಾಡು. 'ವಾಟರ್' ಎನ್ನಲು ಅವನು ನಾಲಿಗೆ ಮಡಚುವ ಪರಿ ಕಂಡರೆ, ಕಂಡವರಿಗೇ ಬಾಯಾರಿಕೆಯಾಗುತ್ತಿತ್ತು!

ಹೆಂಡತಿ ಸುಗುಣಾ ಬೊಮ್ಮಸಂದ್ರದ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್. ದಿನವಿಡೀ ಹೊಲಿಗೆ ಮೆಷಿನ್ನುಗಳ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾಗಿ, ಅವಳು ಪಿಸುಗುಟ್ಟಿದರೂ ಕೆಳಮನೆಯ ಓನರ್ ನಂಜಪ್ಪನವರಿಗೆ ಕೇಳಿಸುತ್ತಿತ್ತು.

"ಶ್ರೀಲಂಕಾ ತೋರಿಸ್ತೀನಿ ಅಂತ ನನಗೂ ಒಂದು ಪಾಸ್‌ಪೋರ್ಟ್ ಮಾಡ್ಸಿದ್ರಿ. ಅದಿನ್ನೂ ಬೀರುನಲ್ಲೇ ನಿದ್ದೆ ಹೊಡೀತಿದೆ," ಎಂದಳು ಸುಗುಣಾ.

"ಇದು ಟೂರ್ ಅಲ್ಲ ಕಣೇ, ಸೇವೆ!"

"ಸೇವೆ ತಾನೆ? ಸಿಂಕಲ್ಲಿ ಪಾತ್ರೆ ಇದೆ, ಬನ್ನಿ."

ಹೊರಡುವ ಮೊದಲು ವಿದ್ಯಾರ್ಥಿಗಳಿಗೆ ಪರಿಚಯವಾಗಲಿ ಎಂದು ಪಾಸ್ಟರ್ ಸ್ವಾಮಿದಾಸ್ ದಿನಾ ಸಂಜೆ ಆನ್‌ಲೈನ್ ಕ್ಲಾಸು ಗೊತ್ತುಮಾಡಿದರು. ಆ ಹಳ್ಳಿಯಲ್ಲಿ ನೆಟ್‌ವರ್ಕು ಕುಂಟುತ್ತಿದ್ದುದರಿಂದ ಮುಖ ಕಾಣುವಂತಿರಲಿಲ್ಲ, ಬರೀ ಧ್ವನಿ. ಅಡುಗೆಮನೆಯ ಪಕ್ಕದ ಮೇಜೇ ಜಯಶೀಲನ ಸಿಂಹಾಸನವಾಯಿತು. ಅವನು ಒಂದು ವಾಕ್ಯ ಹೇಳುವುದು, ಅವರು ಹತ್ತಾರು ಸಲ ಗಟ್ಟಿಯಾಗಿ ಹೇಳಿ ಕಲಿಯುವುದು, ಇದೇ ಪಾಠಕ್ರಮ. ಅವರು ಕಲಿಯುವಷ್ಟು ಹೊತ್ತು ಮನೆಯ ಗದ್ದಲ ಅಲ್ಲಿಗೆ ಹೋಗಬಾರದಲ್ಲ? ಲ್ಯಾಪ್‌ಟಾಪಿನ ಸದ್ದು ನಿಲ್ಲಿಸುವ ಗುಂಡಿಯೊಂದನ್ನು ಒತ್ತಿ ಜಯಶೀಲ ನಿಶ್ಚಿಂತನಾಗುತ್ತಿದ್ದ. ಆ ಗುಂಡಿ ನಿಲ್ಲಿಸುತ್ತಿದ್ದುದು ಅವರ ಸದ್ದನ್ನು, ಇವನದ್ದನ್ನಲ್ಲ ಎಂಬ ಸಣ್ಣ ಸಂಗತಿ ಮಾತ್ರ ಆ ಮಹಾಪಂಡಿತನಿಗೆ ತಿಳಿದಿರಲಿಲ್ಲ!

ಅತ್ತ ಕಾಂಬೋಡಿಯಾಕ್ಕೆ ಹೆಬ್ಬಗೋಡಿಯ ಸಂಸಾರ ಧಾರಾಳವಾಗಿ ಹರಿಯಿತು. ಕೊನೆಯಲ್ಲಿ ಇವನು ಮತ್ತೆ ಗುಂಡಿ ಒತ್ತಿದಾಗ, "ಥ್ಯಾಂಕ್ಯೂ ಟೀಚರ್!" ಎಂಬ ಕೂಗು ಕೇಳುತ್ತಿತ್ತು. ಜಯಶೀಲ ಕಾಲರ್ ಸರಿಮಾಡಿಕೊಳ್ಳುತ್ತಿದ್ದ.

ಹೊರಡಲು ಹತ್ತು ದಿನವಿತ್ತು. ಹೊಸ ಸೂಟ್‌ಕೇಸು ಬಂದಿತ್ತು. "ಪಾಸ್ಟರ್, ನನ್ನ ವಿದ್ಯಾರ್ಥಿಗಳ ಇಂಗ್ಲಿಷನ್ನ ಇಡೀ ಸಭೆ ಕೇಳ್ಲಿ," ಎಂದು ಅವನೇ ಕೈಯಾರೆ ಗುಂಡಿ ತೋಡಿಕೊಂಡ. ಭಾನುವಾರ ಸಂಜೆಯ ಆರಾಧನೆ ಮುಗಿದದ್ದೇ ಲ್ಯಾಪ್‌ಟಾಪಿಗೆ ಚರ್ಚಿನ ದೊಡ್ಡ ಸ್ಪೀಕರ್ ಸಿಕ್ಕಿಸಿದ. ಆಕ್ಸೆಂಟ್ ಮೆರೆಸಲು ಹೋದವನಿಗೆ ಆಕ್ಸಿಡೆಂಟ್ ಕಾದಿತ್ತು!

"ಗುಡ್ ಈವ್ನಿಂಗ್, ಮೈ ಡಿಯರ್ ಸ್ಟೂಡೆಂಟ್ಸ್! ಹೌ ಆರ್ ಯೂ ಆಲ್?" ಎಂದ, ನಾಲಿಗೆಯನ್ನು ಮೂರು ಸುತ್ತು ಸುತ್ತಿ.

ಮತ್ತೆ ಕೇಳಿದ. ಸ್ಪೀಕರಿನಲ್ಲಿ ಯಾರೋ ಕೆಮ್ಮಿದರು, ಅಷ್ಟೇ.

ಹಿಂದಿನ ಬೆಂಚಿನಿಂದ ಸುಗುಣಾ ಮೆಲ್ಲಗೆ, ಅಂದರೆ ಅವಳ ಲೆಕ್ಕದಲ್ಲಿ ಮೆಲ್ಲಗೆ, "ರೀ, ಸ್ವಲ್ಪ ಹತ್ರ ಹೋಗಿ ಮಾತಾಡ್ರೀ!" ಎಂದಳು.

ಸ್ಪೀಕರಿಗೆ ಜೀವ ಬಂತು! ಮೂವತ್ತು ಗಂಟಲುಗಳು ಒಂದೇ ಉಸಿರಿಗೆ, "ರೀ, ಸ್ವಲ್ಪ ಹತ್ರ ಹೋಗಿ ಮಾತಾಡ್ರೀ!" ಎಂದವು.

ಸಭೆ ದಂಗು. ಅಷ್ಟಕ್ಕೇ ನಿಲ್ಲಲಿಲ್ಲ. ಪ್ರಿಯ ಗುರುವಿನ ದನಿ ಕೇಳಿದ ಹುರುಪಿಗೆ ವಿದ್ಯಾರ್ಥಿಗಳು ಅಷ್ಟೂ ದಿನದ ಪಾಠವನ್ನು ಒಪ್ಪಿಸತೊಡಗಿದರು.

"ರೀ, ಹಾಲು ಉಕ್ತಿದೆ!"

"ಎಷ್ಟ್ ಸಲ ಹೇಳ್ಬೇಕು ನಿಮ್ಗೆ!"

"ಕೆಲ್ಸ ಏನೂ ಇಲ್ಲ, ಬರೀ ಬಾಯಿ!"

ಕಡೆಗೆ ಒಂದು ಪುಟ್ಟ ಹುಡುಗಿ ಒಬ್ಬಳೇ, ದಿನಾ ಕೆಳಗಿನಿಂದ ಕೂಗುವ ನಂಜಪ್ಪನವರ ಗತ್ತಿನಲ್ಲೇ, "ಮೋಟ್ರು ನಿಲ್ಸ್ರಪ್ಪಾ! ಇಂಗೆ ನೀರ್ ಸುರುದ್ರೆ ಎಂಗಪ್ಪಾ!" ಎಂದು ಮುಗಿಸಿದಳು.

ಮುಂದಿನ ಸಾಲಿನಲ್ಲಿದ್ದ ಹಿರಿಯಾಕೆ ದೇವಕ್ಕ ಎರಡೂ ಕೈ ಮೇಲೆತ್ತಿ ಎದ್ದು ನಿಂತರು. "ಸ್ತೋತ್ರ! ಸ್ತೋತ್ರ! ಅನ್ಯಭಾಷೆಯ ವರ ಇಳ್ದು ಬಂದೈತೆ ಪಾಸ್ಟರ್! ಅಷ್ಟು ದೂರದ ಜನ ಕನ್ನಡ ಮಾತಾಡ್ತಾವ್ರೆ!"

ಪಾಸ್ಟರ್ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು. ಅವರ ಹೆಗಲು ಕುಣಿಯುತ್ತಿತ್ತು. ಅವರು ಪ್ರಾರ್ಥಿಸುತ್ತಿಲ್ಲ ಎಂಬುದು ಜಯಶೀಲನಿಗೆ ಸ್ಪಷ್ಟವಾಗಿ ಗೊತ್ತಾಯಿತು.

ಮರುದಿನವೇ ಕಾಂಬೋಡಿಯಾದ ಪಾಸ್ಟರಿಂದ ಫೋನು ಬಂತು. ಪಾಸ್ಟರ್ ಸ್ವಾಮಿದಾಸ್ ಮನೆಗೇ ಬಂದರು. ಕಾಫಿ ಕುಡಿದರು, ಹವಾಮಾನ ಮಾತಾಡಿದರು, ಆಮೇಲೆ ಗಂಟಲು ಸರಿಮಾಡಿಕೊಂಡರು.

"ಜಯಶೀಲ, ಬೇಜಾರು ಮಾಡ್ಕೋಬೇಡ. ಸಂತೇಲಿ ವ್ಯಾಪಾರ ಮಾಡೋಕೆ ಸಾಕಾಗೋ ಇಂಗ್ಲಿಷ್ ಕಲಿಸೋಕೆ, ದಿನಾ ಗಟ್ಟಿಯಾಗಿ ಕೇಳಿಸೋ ಆ ಅಮ್ಮನ್ನೇ ಕಳಿಸಿ ಅಂತಿದ್ದಾರೆ."

"ಅವಳಿಗೆ ಗ್ರಾಮರ್ರೇ ಬರಲ್ಲ ಪಾಸ್ಟರ್!"

"ನನಗೆ ಬರೋದು ಮಾರ್ಕೆಟ್ಟಿಗೆ ಸಾಕಾಗೋ ಅಷ್ಟು ಇಂಗ್ಲಿಷು," ಎಂದಳು ಸುಗುಣಾ. "ಅವ್ರು ಕೇಳ್ತಿರೋದೂ ಅಷ್ಟೇ ತಾನೆ? ಆದ್ರೂ ನಾನ್ ಹೋಗಲ್ಲ ಬಿಡಿ. ಇವ್ರು ಎಷ್ಟು ಆಸೆ ಇಟ್ಕೊಂಡಿದ್ರು."

ಜಯಶೀಲ ಎರಡು ದಿನ ಕನ್ನಡದಲ್ಲೂ ಮಾತಾಡಲಿಲ್ಲ. ಮೂರನೆಯ ದಿನ ಬೀರು ತೆಗೆದು, ಹೆಂಡತಿಯ ಪಾಸ್‌ಪೋರ್ಟಿನ ಧೂಳು ಒರೆಸಿ, ತನ್ನ ಹೊಸ ಸೂಟ್‌ಕೇಸಿನ ಮೇಲಿಟ್ಟ. "ಹೋಗ್ಬಾ. ಶ್ರೀಲಂಕಾಗಿಂತ ದೂರಾನೇ ಇದೆ," ಎಂದ. ಸುಗುಣಾ ಕಣ್ಣೊರೆಸಿಕೊಂಡು ನಕ್ಕಳು.

ಅವಳು ಹೋಗಿ ವಾರದೊಳಗೆ ಜಯಶೀಲ ಅನ್ನ ಸೀಯಿಸಿದ, ಬನಿಯನ್ನುಗಳನ್ನೆಲ್ಲ ಕೆಂಪು ಟವೆಲ್ಲಿನ ಜೊತೆ ಒಗೆದು ಗುಲಾಬಿ ಬಣ್ಣ ಮಾಡಿಕೊಂಡ. ಶನಿವಾರ ಅವಳ ಫೋನು ಬಂತು. ಕ್ಲಾಸು ಜೋರಾಗಿ ನಡೆಯುತ್ತಿತ್ತಂತೆ. ಬೋಫಾ ಎಂಬ ಹಣ್ಣು ಮಾರುವಾಕೆ ವಿದೇಶಿ ಗಿರಾಕಿಯೊಬ್ಬನ ಜೊತೆ ಇಂಗ್ಲಿಷಿನಲ್ಲಿ ಚೌಕಾಸಿ ಮಾಡಿ ಗೆದ್ದಳಂತೆ.

ಜಯಶೀಲ ತಡೆಯಲಾರದೆ ಕೇಳಿಯೇಬಿಟ್ಟ. "ಅಲ್ವೇ, ಪಾಠ ಶುರು ಮಾಡಿದ್ದು ನಾನು. ನನ್ನ ಬಗ್ಗೆ ಏನೂ ಅನ್ನಲ್ವಾ ಅವ್ರು?"

"ಬೋಫಾ ಒಂದು ಮಾತು ಹೇಳಿದ್ಲು ಕಣ್ರೀ. ಬೇಡ ಬಿಡಿ."

"ಪರವಾಗಿಲ್ಲ, ಹೇಳು!"

"'ಟೀಚರ್, ಕ್ಲಾಸ್ ಹೊತ್ತಲ್ಲಿ ನಿಮ್ಮನೇಲಿ ಯಾವಾಗ್ಲೂ ಟೀವಿ ಹಾಕಿರ್ತಿದ್ರು. ನೀವು ಹೇಳೋದು ಸರಿಯಾಗಿ ಕೇಳಿಸ್ತಾನೇ ಇರ್ಲಿಲ್ಲ. ಈಗ ಆರಾಮು' ಅಂದ್ಲು."

"ಟೀವಿನಾ? ಕ್ಲಾಸ್ ಹೊತ್ತಲ್ಲಿ ನಾವು ಟೀವಿ ಹಾಕ್ತಾನೇ ಇರ್ಲಿಲ್ವಲ್ಲೇ!"

"ನಾನೂ ಹಂಗೇ ಅಂದೆ. ಅದಕ್ಕವಳು, 'ಇಲ್ಲ ಟೀಚರ್, ಇತ್ತು. ಒಬ್ಬ ಗಂಡಸು ಇಂಗ್ಲಿಷಲ್ಲಿ ನ್ಯೂಸ್ ಓದ್ತಾನೇ ಇದ್ದ, ನಿಲ್ಲಿಸ್ತಾನೇ ಇರ್ಲಿಲ್ಲ' ಅಂದ್ಲು ರೀ!"