ಗೋಡೆ ಹುಡುಕ್ತಾ ಹೊರಟ ನನ್ನ ನೆಗೆತದ ಫೋಟೊಗಳು

ಒಂದು ಒಗಟು ಹಾಕ್ತೀನಿ, ಬಿಡಿಸಿ ನೋಡಿ. ಒಬ್ಬ ಅಜ್ಜಿಗೆ ಇರೋದು ಒಬ್ಬಳೇ ಮೊಮ್ಮಗಳು. ಆದರೂ ಒಂದೇ ಸಂಜೆ ಆ ಅಜ್ಜಿ ಏಳು ಮೊಮ್ಮಕ್ಕಳಿಗೆ ದೃಷ್ಟಿ ತೆಗೆದರು. ಏಳರಲ್ಲಿ ಐದು ಮಕ್ಕಳ ಕಾಲು ನೆಲಕ್ಕೆ ತಾಗಿರಲಿಲ್ಲ. ದೆವ್ವ ಅಂತೂ ಅಲ್ಲ. ಮತ್ತೇನು?

ಬಿಡಿ, ನಿಮ್ಮ ಕೈಲಾಗಲ್ಲ. ನನಗೆ ಗಣಿತದಲ್ಲಿ ಸೊನ್ನೆ ಸುತ್ತಿದ ಮೇಷ್ಟ್ರ ಕೈಲೂ ಆಗಲಿಲ್ಲ. ಅವರು ತಲೆ ಕೆರಕೊಂಡ ದಿನ ನನಗೆ ಪಾಸಾದಷ್ಟೇ ಖುಷಿಯಾಯ್ತು. ಇಂಥವು ನನಗೆ ಆಗ್ತಾನೇ ಇರ್ತವೆ. ಹಾಸನದಿಂದ ಯಾವ ದಿಕ್ಕಿಗೆ ಕ್ಯಾಮೆರಾ ಹೆಗಲಿಗೆ ಹಾಕ್ಕೊಂಡು ಹೋದರೂ, ನಗೋದಕ್ಕೆ ಒಂದು ವಿಷಯ ಇಲ್ಲದೆ ವಾಪಸ್ ಬಂದವನಲ್ಲ ನಾನು.

ನನ್ನ ಕೆಲಸ ಏನು ಅಂತ ಮೊದಲು ಹೇಳ್ಬಿಡ್ತೀನಿ. ಓಡೋದು, ಹಾರೋದು, ನೆಗೆಯೋದು ಎಲ್ಲಿದ್ದರೂ ನಾನಲ್ಲಿರ್ತೀನಿ. ಕ್ಯಾಮೆರಾನ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಅಲ್ಲಾಡದ ಹಾಗೆ ಸ್ಟ್ಯಾಂಡಿಗೆ ಒಂದು ಮರಳು ಚೀಲ ನೇತಾಕಿ, ಬಟನ್ ಒತ್ತಿ ಹಿಡೀತೀನಿ. ಟಕಟಕಟಕ ಅಂತ ಒಂದೇ ನೆಗೆತಕ್ಕೆ ಒಂದು ರಾಶಿ ಫೋಟೊ ಬೀಳುತ್ತೆ. ಆಮೇಲೆ ಕಂಪ್ಯೂಟರಲ್ಲಿ ಅವನ್ನ ಒಂದರ ಮೇಲೊಂದು ಕೂರಿಸಿ ಒಂದೇ ಚಿತ್ರ ಮಾಡ್ತೀನಿ. ಮೈದಾನ ಒಂದೇ, ಹುಡುಗ ಮಾತ್ರ ಐದಾರು ಕಡೆ. ಎಲ್ಲಿ ಚಿಮ್ಮಿದ, ಎಲ್ಲಿ ತೇಲಿದ, ಎಲ್ಲಿ ಇಳಿದ, ಎಲ್ಲಾ ಒಂದೇ ನೋಟಕ್ಕೆ ಕಾಣುತ್ತೆ. ತೀರಾ ಹತ್ತಿರದ ಫೋಟೊಗಳನ್ನ ಆರಿಸಿದರೆ ಕೈಕಾಲು ಒಂದರ ಮೇಲೊಂದು ಬಿದ್ದು ಹುಡುಗ ಏಡಿ ಥರ ಆಗ್ತಾನೆ. ತೀರಾ ದೂರದ್ದು ಆರಿಸಿದರೆ ನೆಗೆತ ನಡುವೆ ಹರಿದುಹೋಗುತ್ತೆ. ಅದರ ಅಳತೆ ಯಾವ ಪುಸ್ತಕದಲ್ಲೂ ಇಲ್ಲ, ನನ್ನ ಕಣ್ಣಲ್ಲಿದೆ. ಇದನ್ನ ಜಂಬಕ್ಕೆ ಹೇಳ್ತಿಲ್ಲ. ಸರಿ, ಜಂಬಕ್ಕೇ ಹೇಳ್ತಿದೀನಿ.

ಕ್ಯಾಮೆರಾ ಮಾತ್ರ ನನ್ನದಲ್ಲ. ಚನ್ನರಾಯಪಟ್ಟಣದಲ್ಲಿ ಸ್ಟುಡಿಯೋ ಇಟ್ಟಿರೋ ನಮ್ಮ ಸೋದರಮಾವನದು. ಅವನು ಮದುವೆ, ನಾಮಕರಣದ ಫೋಟೊ ತೆಗೆಯೋನು. ನೆಟ್ಟಗೆ ನಿಂತು ನಗದೆ ಇರೋರನ್ನ ಬಿಟ್ಟು ಬೇರೆಯವರನ್ನ ಅವನು ಮನುಷ್ಯರು ಅಂತಾನೇ ಒಪ್ಪಲ್ಲ. ಕ್ಯಾಮೆರಾ ಕೊಡೋವಾಗ ಒಂದು ಷರತ್ತು ಹಾಕಿದ.

"ಲೇ, ಫೋನ್ನಾಗೆ ಸ್ಟೇಟಸ್ ಆಕ್ಕೊಳ್ಳೋದು ಫೋಟೊ ಅಲ್ಲ ಕಣ್ಲಾ. ಕಟ್ಟು ಆಕ್ಸಿ ಗೋಡೆಗೆ ತಗಲಾಕಿದ್ರೆ ಅದು ಫೋಟೊ. ಈ ಸಲ ಆಟಗಳು ಮುಗಿಯೋದ್ರೊಳ್ಗೆ ನಿನ್ನ ಒಂದು ಚಿತ್ರ ಯಾರದಾದ್ರೂ ಗೋಡೆ ಮೇಲೆ ಕಂಡ್ರೆ ಕ್ಯಾಮೆರಾ ನಿಂದೇ. ಇಲ್ದಿದ್ರೆ ತಂದಿಟ್ಟು, ನನ್ ಇಂದೆ ಮದುವೆ ಮನೇಲಿ ಲೈಟ್ ಇಡ್ಕೊ."

"ನಮ್ಮನೆ ಗೋಡೆ ಆಗುತ್ತಾ ಮಾವ?"

"ನಿಮ್ಮನೇದೂ ಇಲ್ಲ, ನಮ್ಮನೇದೂ ಇಲ್ಲ. ನಿನ್ನ ಬೈಯೋ ಹಕ್ಕಿರೋರ ಮನೆ ಯಾವ್ದೂ ಇಲ್ಲ."

ಅಲ್ಲಿಗೆ, ಮೊಸಳೆ ಅನ್ನೋ ಊರಿಗೆ ಹೋಗೋ ರಸ್ತೆಯ ನಮ್ಮೂರಲ್ಲಿ ಒಂದು ಮನೆಯೂ ಉಳೀಲಿಲ್ಲ. ಗೋಡೆ ಹುಡುಕ್ಕೊಂಡು ಹೊರಗೆ ಹೊರಟೆ.

೧. ಏಳು ಮೊಮ್ಮಕ್ಕಳು

ಅರಕಲಗೂಡಿನ ಕ್ರೀಡಾಕೂಟದಲ್ಲಿ ಒಬ್ಬಳು ಹುಡುಗಿ ಉದ್ದ ಜಿಗಿತದಲ್ಲಿ ಎಲ್ಲರನ್ನೂ ಹಿಂದೆ ಹಾಕಿದಳು. ಅವಳ ಆ ನೆಗೆತ ನನ್ನ ಕ್ಯಾಮೆರಾದಲ್ಲಿ ಏಳು ತುಂಡಾಗಿ ಬಂತು: ಹಲಗೆ ಮೇಲೆ ಕಾಲಿಟ್ಟಿದ್ದು ಒಂದು, ಗಾಳಿಯಲ್ಲಿ ಐದು, ಮರಳಲ್ಲಿ ಕೂತಿದ್ದು ಒಂದು. ಪ್ರಿಂಟ್ ಹಾಕಿಸಿಕೊಂಡು ಅವರ ಮನೆಗೇ ಹೋದೆ. ಜಗಲಿ ಮೇಲೆ ಅಜ್ಜಿ ಕೂತಿದ್ದರು.

"ಯಾರ್ ಮಕ್ಕಳ್ಲಾ ಇವು ಇಷ್ಟೊಂದು?" ಅಂದರು.

"ಎಲ್ಲಾ ನಿನ್ ಮೊಮ್ಮಗಳೇ ಕಣಜ್ಜಿ."

"ಏಳೂನಾ?"

"ಏಳೂ."

ಅಜ್ಜಿ ಫೋಟೊನ ದೂರ ಹಿಡಿದು, ಹತ್ತಿರ ಹಿಡಿದು, ಮತ್ತೆ ದೂರ ಹಿಡಿದರು. "ಒಬ್ಬಳಿದ್ದಾಗ್ಲೇ ಬೀದಿಯೋರ್ ಕಣ್ಣು ತಡೆಯಕ್ಕಾಗ್ತಿರ್ನಿಲ್ಲ. ಈಗ ಏಳಾದ್ರೆ ಸುಮ್ಕೆ ಬುಟ್ಟಾರಾ?" ಅಂತ ಎದ್ದು ಒಳಗೆ ಹೋಗಿ ಮೊರದ ತುಂಬ ಉಪ್ಪು ಮೆಣಸಿನಕಾಯಿ ತಂದರು.

ಮೊಮ್ಮಗಳು ಓಡಿ ಬಂದು, "ಅಜ್ಜಿ, ಅದೆಲ್ಲಾ ನಾನೊಬ್ಬಳೇ ಕಣಜ್ಜಿ" ಅಂದಳು.

"ನೀ ಸುಮ್ಕಿರು. ನಿಂಗ್ ಆಮೇಲೆ ತೆಗೀತೀನಿ."

ಒಂದೊಂದು ಹುಡುಗಿಗೂ ಒಂದೊಂದು ಹಿಡಿ ನೀವಾಳಿಸಿ ಒಲೆಗೆ ಹಾಕಿದರು. ಏಳನೆಯವಳ ಮುಂದೆ ಬಂದು ನಿಂತು, "ಪಾಪ, ಇದು ಆಗ್ಲೇ ಬಿದ್ಬುಟ್ಟೈತೆ. ಇದ್ಕೆ ಜೋರಾಗೇ ತಾಗೈತೆ" ಅಂತ ಎರಡು ಹಿಡಿ ಹಾಕಿದರು. ಆ ಘಾಟಿಗೆ ಬೀದಿಗೆ ಬೀದಿಯೇ ಕೆಮ್ಮಿತು. ಎಮ್ಮೆ ಹಗ್ಗ ಕಿತ್ತುಕೊಂಡು ಹೋಯ್ತು. ಒಗಟಿನ ಉತ್ತರ ಇದೇ, ಕೇಳಿದ್ರಲ್ಲ.

ನಾನು ಕಣ್ಣೊರೆಸಿಕೊಳ್ತಾ, "ಅಜ್ಜಿ, ಇದನ್ನ ಕಟ್ಟು ಹಾಕ್ಸಿ ಗೋಡೆಗೆ ಹಾಕಣ್ವಾ?" ಅಂದೆ.

"ಗೋಡೆಗಾ? ಬಂದೋರೆಲ್ಲ ನೋಡಿದ್ರೆ ದಿನಾ ಏಳು ಜನಕ್ಕೆ ತೆಗೀಬೇಕಾಯ್ತದೆ. ಮೆಣಸಿನಕಾಯಿ ನಿಮ್ಮಾವ ತಂದಾಕ್ತಾನಾ?"

ಫೋಟೊ ಟ್ರಂಕಿನೊಳಗೆ ಸೀರೆಗಳ ಅಡಿಗೆ ಹೋಯ್ತು. ಟ್ರಂಕಿಗೂ ಒಂದು ಹಿಡಿ ನೀವಾಳಿಸಿದರು.

೨. ಇಳಿಯೋದು ಮಾತ್ರ ಕೊಡು

ಬೂವನಹಳ್ಳಿ ಹತ್ತಿರ ವಿಮಾನ ನಿಲ್ದಾಣ ಬರುತ್ತೆ ಅಂತಾರಲ್ಲ, ಆ ಬಯಲಲ್ಲಿ ನನ್ನ ಗೆಳೆಯ ಸೈಕಲ್ ಹಾರಿಸ್ತಾನೆ. ಮಣ್ಣು ಗುಡ್ಡೆ ಹಾಕಿ, ಮೇಲೊಂದು ಹಲಗೆ ಇಟ್ಟು, ದೂರದಿಂದ ತುಳಿದುಕೊಂಡು ಬಂದು ಮೇಲಕ್ಕೆ ಚಿಮ್ಮೋದು. ವಿಮಾನ ಬರೋ ತನಕ ಆ ಆಕಾಶ ನಮ್ಮದೇ. ನಾನು ನೆಲದ ಮೇಲೆ ಅಂಗಾತ ಮಲಗಿ ತೆಗೆದೆ. ಹತ್ತೋ ಗೆಳೆಯರಿಬ್ಬರು, ತುದಿಯಲ್ಲೊಬ್ಬ, ಇಳಿಯೋರಿಬ್ಬರು. ಹಿಂದೆ ಬರೀ ನೀಲಿ. ಅಂಥ ಚಿತ್ರ ನಾನೂ ಅದುವರೆಗೆ ನೋಡಿರಲಿಲ್ಲ.

ಅವನ ತಾಯಿ ನೋಡಿದ ತಕ್ಷಣ, "ಗೋಡೆಗಾ? ಬಿಡ್ತು ಅನ್ನು" ಅಂದರು.

"ಯಾಕಕ್ಕಾ?"

"ನಮ್ ಗೋಡೆ ಮೇಲೆ ಯಾರ್ಯಾರವ್ರೆ ನೋಡ್ಲಾ. ಇವ್ರು ನಮ್ಮತ್ತೆ, ಇವ್ರು ನಮ್ಮಾವ, ಆ ಕಡೆಗಿರೋರು ದೊಡ್ಡಪ್ಪ. ಎಲ್ಲಾ ತೀರ್ಕೊಂಡೋರು. ತೀರ್ಕೊಂಡೋರೇ ನೆಟ್ಟಗೆ ಕುರ್ಚಿ ಮೇಲೆ ಕುಂತವ್ರೆ. ಬದುಕಿರೋ ನನ್ ಮಗ ಅವ್ರ ಪಕ್ಕದಾಗೆ ಸೈಕಲ್ ಸಮೇತ ಮೇಲಕ್ಕೆ ಓಯ್ತಾವ್ನಲ್ಲಪ್ಪಾ."

"ಕಡೇಲಿ ಕೆಳಕ್ಕೆ ಬತ್ತಾನೆ ನೋಡಕ್ಕ."

"ಅಂಗಾದ್ರೆ ಇಳಿಯೋದು ಮಾತ್ರ ಕೊಡು."

ಗೋಡೆ ಆಸೆಗೆ ಕತ್ತರಿಸಿ ಕೊಟ್ಟೆ. ಗೆಳೆಯ ನೋಡಿ ಕುದ್ದುಹೋದ. "ಲೇ, ಮೇಲಕ್ಕತ್ತಿದ್ದೇ ತೋರ್ಸದೆ ಬರೀ ಬೀಳೋದು ತೋರ್ಸಿದ್ರೆ, ಯಾರೋ ಮೇಲಿಂದ ನನ್ನ ಎಸೆದಂಗಿದೆ ಕಣ್ಲಾ" ಅಂತ ಹತ್ತೋ ಅರ್ಧ ತಗೊಂಡು ಸೈಕಲ್ಲಿನ ಮಡ್‌ಗಾರ್ಡಿಗೆ ಅಂಟಿಸಿಕೊಂಡ. ಅವನವ್ವ ಇಳಿಯೋ ಅರ್ಧನ ಗೋಡೆಗೆ ಹಾಕದೆ ದೇವರ ಮುಂದೆ ಇಟ್ಟು ಕುಂಕುಮ ಇಟ್ಟರು.

"ದೇವರ ಹತ್ರ ಯಾಕಕ್ಕಾ?"

"ಮೇಲಿಂದ ಇಳ್ದು ಬರೋರು ಇನ್ಯಾರ್ಲಾ ಮತ್ತೆ?"

೩. ಎಂಟೆತ್ತಿನ ಗೌಡರು

ಚನ್ನರಾಯಪಟ್ಟಣದ ಕಡೆ ಎತ್ತಿನ ಗಾಡಿ ಓಟ ಇತ್ತು. ಒಬ್ಬ ಗೌಡರ ಜೋಡಿ ಹಾರಿಕೊಂಡು ಬಂತು. ಧೂಳು ಎದ್ದರೆ ನಮ್ಮ ಕೆಲಸ ಕೆಟ್ಟಿತು. ಹಿಂದಿನ ಎತ್ತು ಮುಂದಿನ ಧೂಳಲ್ಲಿ ಮುಳುಗಿಹೋಗುತ್ತೆ. ಅದಕ್ಕೆ ಗಾಳಿ ಯಾವ ಕಡೆ ಬೀಸ್ತಿದೆ ಅಂತ ನೋಡ್ಕೊಂಡು, ಗಾಳಿ ಬರೋ ಕಡೆ ನಿಂತು ತೆಗೆದೆ. ನಾಲ್ಕು ಜೊತೆ ಎತ್ತು, ನಾಲ್ಕು ಗಾಡಿ, ನಾಲ್ಕು ಗೌಡರು, ಸಾಲಾಗಿ. ಗೌಡರಿಗೆ ಎದೆ ಉಬ್ಬಿಹೋಯ್ತು. ಅವರೇ ಕಟ್ಟು ಹಾಕಿಸಿ, ನಡುಮನೆ ಗೋಡೆಗೆ ಒರಗಿಸಿಟ್ಟು, "ಸಂಜೆ ತಗಲಾಕ್ಸೋಣ, ಅಲ್ಲೀಗಂಟ ಕಾಫಿ ಕುಡಿ" ಅಂದರು. ಕ್ಯಾಮೆರಾ ನನ್ನದಾಯ್ತು ಅಂತಲೇ ಕಾಫಿ ಕುಡಿದೆ.

ಅಷ್ಟರಲ್ಲಿ ಎತ್ತಿನ ವ್ಯಾಪಾರಿಯೊಬ್ಬರು ಬಂದರು. ಫೋಟೊ ನೋಡಿ ಹಾಗೇ ನಿಂತುಬಿಟ್ಟರು.

"ಗೌಡ್ರೆ, ಎಂಟೆತ್ತೂ ಒಂದೇ ಬಣ್ಣ, ಒಂದೇ ಕೊಂಬು. ಎಂಗ್ ಜೋಡಿಸ್ದಿರಿ?"

ಒಂದೇ ಜೊತೆ ಅಂತ ಹೇಳಬಹುದಿತ್ತು. ಆದರೆ ಹೊಗಳ್ತಾ ಇರೋರನ್ನ ನಡುವೆ ತಡೆಯೋಕೆ ಯಾರಿಗೆ ಮನಸ್ಸು ಬರುತ್ತೆ? ಗೌಡರು ಮೀಸೆ ಸವರಿ, "ಉಡುಕಿದ್ರೆ ಸಿಕ್ತವೆ" ಅಂದರು.

"ಕೊಟ್ಟಿಗೇಲಿ ಒಂದೇ ಜೊತೆ ಅದೆ?"

"ಮಿಕ್ಕವು ಹೊಲದ್ ತಾವ ಓಗವೆ."

ವ್ಯಾಪಾರಿ ಸರಕ್ಕನೆ ಗೌಡರ ಕೈ ಹಿಡಿದು ಮೇಲೆ ಟವೆಲ್ ಮುಚ್ಚಿದರು. ನಮ್ಮ ಕಡೆ ಎತ್ತಿನ ಬೆಲೆ ಬಾಯಲ್ಲಿ ಆಡೋದಿಲ್ಲ. ಟವೆಲ್ ಕೆಳಗೆ ಬೆರಳು ಹಿಡಿದೇ ಹೇಳಬೇಕು, ಬೆರಳು ಹಿಡಿದೇ ಕೇಳಬೇಕು. ಗೌಡರು ಬೆವರ್ತಾ ನನ್ನ ಕಡೆ ನೋಡಿದರು. ಕಾಪಾಡು ಅಂತ ಅರ್ಥ. ನಾನು ಕಾಪಾಡಿದೆ.

"ಸಾವ್ಕಾರ್ರೆ, ಆ ಮೂರು ಜೊತೆ ಗೌಡ್ರು ಯಾರಿಗೂ ಕೊಡಲ್ಲ. ಅವು ಮೇವು ತಿನ್ನಲ್ಲ, ನೀರು ಕೇಳಲ್ಲ, ಸಗಣಿ ಹಾಕಲ್ಲ, ಜಾಗಾನೂ ಬೇಡ."

ವ್ಯಾಪಾರಿ ಟವೆಲ್ ಕೆಳಗೆ ಇನ್ನೊಂದು ಬೆರಳು ಹಿಡಿದರು.

ಗೌಡರು ಕೈ ಕಿತ್ತುಕೊಂಡು, ಅವರಿಗೆ ಏನೋ ಸಬೂಬು ಹೇಳಿ ಕಳಿಸಿ, ಫೋಟೊನ ಅಟ್ಟದ ಮೇಲೆ ಹಾಕಿದರು. "ಇದು ಗೋಡೆ ಮೇಲಿದ್ರೆ ಕಷ್ಟ ಕಣಪ್ಪ. ಮಾನ ಉಳಿಸ್ಕೊಳ್ಳಕ್ಕೆ ಇನ್ನೂ ಮೂರು ಜೊತೆ ತಂದು ಕಟ್ಬೇಕಾಯ್ತದೆ."

೪. ಐದು ಜನ ಒಟ್ಟಿಗೆ ಬಂದರು

ಹೊಳೆನರಸೀಪುರದಲ್ಲಿ ಕಬಡ್ಡಿ. ಕೊನೇ ಪಂದ್ಯ ಆ ಊರಿನ ಯುವಕ ಸಂಘಕ್ಕೂ ಅರಕಲಗೂಡಿನವರಿಗೂ. ಅರಕಲಗೂಡಿನ ರೈಡರ್ ಒಬ್ಬ, ಹಿಡಿಯೋಕೆ ಬಂದವರ ತಲೆ ಮೇಲೇ ಹಾರಿ ಗೆರೆ ಮುಟ್ಟಿ ಕಪ್ ಗೆದ್ದುಬಿಟ್ಟ. ಅವನ ನೆಗೆತನ ಐದು ತುಂಡಾಗಿ ಕೂರಿಸಿ ಅಲ್ಲೇ ಗೆದ್ದವರ ಫೋನಿಗೆ ಕಳಿಸಿದೆ. ಅದು ಫೋನಿಂದ ಫೋನಿಗೆ ಹೋಗಿ ಸೋತ ಸಂಘದ ಅಧ್ಯಕ್ಷರ ಕೈಗೆ ಬಂತು. ಅವರು ಕಪ್ ಕೊಡೋದನ್ನ ನಿಲ್ಲಿಸಿ ಸಮಿತಿ ಮುಂದೆ ಫೋನ್ ಹಿಡಿದರು.

"ನೋಡಿ ಸಾ ಮೋಸಾನ. ಐದು ಜನ ಒಟ್ಟಿಗೇ ರೈಡ್ ಬಂದವ್ರೆ. ನಮ್ ಉಡುಗ್ರು ಯಾರನ್ನ ಅಂತ ಇಡೀತಾರೆ?"

ರೆಫರಿ, "ನಾನು ಅಲ್ಲೇ ಇದ್ನಲ್ಲಪ್ಪ. ಬಂದಿದ್ದು ಒಬ್ಬನೇ" ಅಂದರು.

"ನೀವು ಕಣ್ಣು ಮಿಟುಕಿಸ್ತೀರಿ. ಕ್ಯಾಮೆರಾ ಮಿಟುಕಿಸ್ತದಾ?"

"ಐದೂ ಜನಕ್ಕೆ ಒಂದೇ ನಂಬರ್ ಇದೆಯಲ್ಲಯ್ಯ."

"ಅದೇ ಸಾ ನಾನೇಳ್ತಿರೋದು. ಪ್ಲಾನ್ ಮಾಡ್ಕೊಂಡೇ ಬಂದವ್ರೆ."

"ಮುಖಾನೂ ಒಂದೇ?"

"ಅಣ್ತಮ್ಮದೀರು ಸಾ."

ಇದು ತನಿಖೆ ಆಗಲೇಬೇಕು ಅಂತ ಸಮಿತಿಯ ಹಿರಿಯರು ರೈಡರ್‌ನ ಅಪ್ಪನಿಗೇ ಫೋನ್ ಹಾಕಿ, ಎಲ್ಲರಿಗೂ ಕೇಳೋ ಹಾಗೆ ಸ್ಪೀಕರ್ ಇಟ್ಟರು. "ಯಜಮಾನ್ರೆ, ನಿಮಗೆ ಗಂಡು ಮಕ್ಕಳೆಷ್ಟು?"

ಆ ಕಡೆಯಿಂದ ತಡವೇ ಇಲ್ಲದೆ ಉತ್ತರ ಬಂತು. "ಒಬ್ಬನೇ ಸಾ. ಪಾಲು ಕೇಳೋರು ಯಾರೂ ಇಲ್ಲ. ಬೋರ್‌ವೆಲ್ಲಲ್ಲಿ ನೀರದೆ. ಕುಡಿಯೋದು, ಸೇದೋದು ಒಂದೂ ಇಲ್ಲ. ಉಡುಗಿ ಏನ್ ಓದವ್ಳೆ ಸಾ?"

ರೈಡರ್ ಕಪ್ಪಿನ ಹಿಂದೆ ಮುಖ ಮುಚ್ಚಿಕೊಂಡ. ಹಿರಿಯರು, "ವಿಚಾರ್ಸಿ ತಿಳಿಸ್ತೀವಿ" ಅಂತ ಫೋನ್ ಇಟ್ಟರು.

ಅಧ್ಯಕ್ಷರು ಆಗಲೂ ಬಗ್ಗಲಿಲ್ಲ. ನಾನು ಮುಂದೆ ಹೋಗಿ, "ಅಣ್ಣಾ, ಆ ಫೋಟೊ ತೆಗೆದೋನು ನಾನು. ಅನುಮಾನ ಇದ್ರೆ ನೀವೇ ಒಂದು ಸಲ ಹಾರಿ" ಅಂದೆ. ಅಷ್ಟು ಜನರ ಮುಂದೆ ಆಗಲ್ಲ ಅನ್ನೋದಾದರೂ ಹೇಗೆ? ಪಂಚೆ ಎತ್ತಿ ಕಟ್ಟಿ, ಹಿಂದಕ್ಕೆ ಸರಿದು, ಓಡಿ ಬಂದು ಹಾರಿದರು. ಅವರ ತೂಕಕ್ಕೆ ಅದು ಒಳ್ಳೇ ನೆಗೆತಾನೇ. ಎಲ್ಲರೂ ಟೀ ಕುಡಿದು ಮುಗಿಸೋದರೊಳಗೆ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದೆ. ಅಂಕಣದ ಉದ್ದಕ್ಕೂ ಐದು ಅಧ್ಯಕ್ಷರು. ಮೊದಲನೆಯವರ ಮುಖದಲ್ಲಿ ರೋಷ. ಮೂರನೆಯವರು ಗರುಡನ ಹಾಗೆ ಕೈ ಚಾಚಿದ್ದಾರೆ. ಐದನೆಯವರು ನೆಲಕ್ಕೆ ಬಂದಿದ್ದಾರೆ, ಪಂಚೆ ಇನ್ನೂ ನಾಲ್ಕನೆಯವರ ಹತ್ತಿರಾನೇ ಇದೆ.

ಮೈದಾನ ಉರುಳಾಡಿ ನಕ್ಕಿತು. ಅಧ್ಯಕ್ಷರು ನಗಲಿಲ್ಲ. ಮೂರನೆಯವರನ್ನೇ ನೋಡ್ತಾ ನಿಂತಿದ್ದರು. ಆಮೇಲೆ ಮೆಲ್ಲಗೆ, "ನಾನು ಇಷ್ಟು ಎತ್ತರ ಆರಿದ್ನೇನ್ಲಾ?" ಅಂದರು. ದೂರು ಅಲ್ಲಿಗೆ ಬಿದ್ದುಹೋಯ್ತು. ಕಪ್ ಅರಕಲಗೂಡಿಗೆ ಹೋಯ್ತು.

ಮುಂದಿನ ವಾರ ಆ ಚಿತ್ರ ದೊಡ್ಡದಾಗಿ ಕಟ್ಟು ಹಾಕಿಸಿಕೊಂಡು ಸಂಘದ ಕೋಣೆಯ ಗೋಡೆ ಏರಿತು. ಮಾವ ಬಸ್ ಹತ್ತಿ ಬಂದು, ಅದರ ಮುಂದೆ ಕೈ ಕಟ್ಟಿ ನಿಂತು, ಐದೂ ಅಧ್ಯಕ್ಷರನ್ನ ಒಬ್ಬೊಬ್ಬರಾಗಿ ನೋಡಿದ. ಕೊನೆಗೆ ಕ್ಯಾಮೆರಾದ ಪಟ್ಟಿನ ತನ್ನ ಕೈಯಾರೆ ನನ್ನ ಕೊರಳಿಗೆ ಹಾಕಿ, "ನೆಟ್ಟಗೆ ನಿಂತೋರನ್ನ ತೆಗೆದು ನನ್ ಆಯಸ್ಸೇ ಓಯ್ತು ಕಣ್ಲಾ. ನೀನೇ ಸರಿ" ಅಂದ.

ಈ ಕೊನೇ ಭಾಗ ಮಾತ್ರ ನಾನು ಕಟ್ಟಿದ ಕಥೆ. ದೂರು ನಿಜ, ಫೋನ್ ನಿಜ, ಐದು ಅಧ್ಯಕ್ಷರೂ ನಿಜ. ಗೋಡೆ ಸುಳ್ಳು, ಮಾವ ಬಂದಿದ್ದೂ ಸುಳ್ಳು. ಅಧ್ಯಕ್ಷರು, "ಆ ಐದನೆಯವನನ್ನ ತೆಗೆದುಬುಡು, ನಾಳೇನೇ ತಗಲಾಕ್ತೀನಿ" ಅಂತಿದ್ದಾರೆ. ನಾನು ತೆಗೆಯಲ್ಲ. ಅವನಿಲ್ಲದಿದ್ದರೆ ನೆಗೆತ ಮುಗಿಯೋದೇ ಇಲ್ಲ. ಫೋಟೊ ಗೋಡೆ ಮೇಲಿದೆ ಅಂತ ಮಾವನಿಗೆ ಮಾತ್ರ ಆಗಲೇ ಹೇಳಿಬಿಟ್ಟಿದೀನಿ, ಭಾನುವಾರ ನೋಡೋಕೆ ಬರ್ತಾನೆ. ಶನಿವಾರ ಅಧ್ಯಕ್ಷರು ಊರಲ್ಲಿರಲ್ಲ, ನೆಂಟರ ಮದುವೆಗೆ ಹೋಗ್ತಾರಂತೆ. ಮೊಳೆ ನನ್ನ ಜೇಬಲ್ಲಿದೆ.